ನಾಯಿ ಬಿಸ್ಕತ್ತು ನಡುವೆ ಮೆತ್ತಗೆ, ಅಂಚು ಪುಡಿಪುಡಿ, ಮೂರನೇ ದಿನಕ್ಕೆ ಬೂಷ್ಟು. ಎಲ್ಲಿ ತಪ್ಪುತ್ತಿದೆ?

ಚುಕ್ಕಿಯಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ. ಚುಕ್ಕಿಗೆ 11 ವರ್ಷ, ಗುಂಡನಿಗೆ 2. ಇಬ್ಬರೂ ಹೆಚ್ಚುಕಡಿಮೆ 12 ಕೆಜಿ. ಒಂದು ತಿಂಗಳಿಂದ ಇವರಿಗೆ ನಾನೇ ಬಿಸ್ಕತ್ತು ಮಾಡುತ್ತಿದ್ದೇನೆ. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಕೆಟ್ಟಿತು.

ಅಳತೆ ಹೀಗಿದೆ: 2 ಕಪ್ ಗೋಧಿ ಹಿಟ್ಟು, 1 ಕಪ್ ಓಟ್ಸ್, ಬೇಯಿಸಿ ಮಸೆದ ಸಿಹಿಗುಂಬಳ 1 ಕಪ್, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಪೀನಟ್ ಬಟರ್. ಉಪ್ಪು, ಸಕ್ಕರೆ ಇಲ್ಲ. 180 ಡಿಗ್ರಿಯಲ್ಲಿ 15 ನಿಮಿಷ. ಒಂದು ಸಲಕ್ಕೆ 60 ಬಿಸ್ಕತ್ತು ಬರುತ್ತವೆ.

ಅಂಚು ಕೈಯಲ್ಲಿ ಹಿಡಿದರೆ ಉದುರುತ್ತದೆ, ನಡುವೆ ಬೆರಳಿಟ್ಟರೆ ಒತ್ತಿಕೊಳ್ಳುತ್ತದೆ. ಡಬ್ಬಿಯಲ್ಲಿಟ್ಟ ಮೂರನೇ ದಿನ ಬಿಳಿ ಬೂಷ್ಟು. ಮೊದಲ ಸಲ ಮೇಲಿನದನ್ನು ಕೆರೆದು ಉಳಿದದ್ದನ್ನು ಕೊಟ್ಟುಬಿಟ್ಟೆ, ಅದು ಸರಿಯೋ ತಪ್ಪೋ ಗೊತ್ತಿಲ್ಲ. ಇನ್ನೊಂದು ವಿಷಯ, ಚುಕ್ಕಿ ಇತ್ತೀಚೆಗೆ ರಾತ್ರಿಯ ಊಟ ಅರ್ಧಕ್ಕೇ ಬಿಟ್ಟು ಹೋಗುತ್ತಾಳೆ, ಮಲವೂ ಸಡಿಲ. ಇದಕ್ಕೂ ಬಿಸ್ಕತ್ತಿಗೂ ಸಂಬಂಧ ಇರಬಹುದೇ?

ಹಿಟ್ಟಿನಕೈ:
ಮೊದಲು ಬೂಷ್ಟಿನ ಮಾತು. ಕೆರೆದು ಕೊಡಬೇಡಿ. ಕಣ್ಣಿಗೆ ಕಾಣುವುದು ಮೇಲಿನ ಭಾಗ ಮಾತ್ರ, ಅದರ ಎಳೆಗಳು ಒಳಗೂ ಇಳಿದಿರುತ್ತವೆ. ಕೆಲವು ಬೂಷ್ಟು ಬಿಡುವ ವಿಷದಿಂದ ನಾಯಿಗಳಿಗೆ ವಾಂತಿ ಮತ್ತು ಮೈ ನಡುಕ ಬರುತ್ತದೆ. ಒಂದಕ್ಕೆ ಹಿಡಿದಿದ್ದರೆ ಇಡೀ ಡಬ್ಬಿ ಎಸೆಯಿರಿ. ಅದೂ ಗುಂಡನ ಮೂಗಿಗೆ ಸಿಗದ, ಮುಚ್ಚಳವಿರುವ ಬುಟ್ಟಿಗೆ.

ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ಕಾಟ ಕೊಡುತ್ತಿರುವುದು ನೀರು ಅಂತ ನನ್ನ ಅನುಮಾನ. ಮೂರು ವಿಷಯ ಹೇಳಿ. ಕುಂಬಳ ಬೇಯಿಸಿದ ಮೇಲೆ ನೀರು ಬಸಿದಿರಾ? ಎಷ್ಟು ದಪ್ಪ ಲಟ್ಟಿಸುತ್ತೀರಿ? ಓವನ್‌ನಿಂದ ತೆಗೆದು ಎಷ್ಟು ಹೊತ್ತಿಗೆ ಡಬ್ಬಿಗೆ ಹಾಕುತ್ತೀರಿ?

ಚುಕ್ಕಿಯಮ್ಮ:
ಬಸಿಯಲಿಲ್ಲ, ನೀರಿನ ಸಮೇತ ಮಸೆದೆ. ದಪ್ಪ ಸುಮಾರು ಒಂದು ಸೆಂಟಿಮೀಟರ್. ಡಬ್ಬಿಗೆ ಬೆಚ್ಚಗಿರುವಾಗಲೇ ಹಾಕುತ್ತೇನೆ. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಕೂತು ಟ್ರೇಯನ್ನೇ ನೋಡುತ್ತಿರುತ್ತಾರೆ, ಕಟ್ಟೆಯ ಮೇಲೆ ಬಿಟ್ಟು ಆಚೆ ಹೋಗಲು ಧೈರ್ಯ ಬರುವುದಿಲ್ಲ.

ಹಿಟ್ಟಿನಕೈ:
ಹಾಗಾದರೆ ಉತ್ತರ ಸಿಕ್ಕಿತು. ಬೆಚ್ಚಗಿನ ಬಿಸ್ಕತ್ತು ಡಬ್ಬಿಯೊಳಗೆ ಬೆವರುತ್ತದೆ. ಆ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಬಿಸ್ಕತ್ತಿನ ಮೇಲೇ ಬೀಳುತ್ತದೆ. ಬೂಷ್ಟಿಗೆ ಅಷ್ಟೇ ಸಾಕು. ನಾವು ತಿನ್ನುವ ಕುಕ್ಕೀಸ್‌ನಲ್ಲಿ ಸಕ್ಕರೆ ಬೇಕಾದಷ್ಟಿರುತ್ತದೆ, ಅದು ನೀರನ್ನು ಹಿಡಿದಿಟ್ಟುಕೊಂಡು ಬೂಷ್ಟಿಗೆ ಸಿಗದ ಹಾಗೆ ಮಾಡುತ್ತದೆ. ನಾಯಿಯದರಲ್ಲಿ ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ. ಕಾಪಾಡುವುದಕ್ಕೆ ಒಣಗಿರುವುದೊಂದೇ ದಾರಿ.

ಹಿಂದೆ ಹಡಗಿನವರು ಹಿಟ್ಟು, ನೀರು, ಉಪ್ಪು ಮಾತ್ರ ಹಾಕಿ ಮಾಡುತ್ತಿದ್ದ ಗಟ್ಟಿ ಬಿಸ್ಕತ್ತು ತಿಂಗಳುಗಟ್ಟಲೆ ಕೆಡದೆ ಇರುತ್ತಿದ್ದದ್ದು ನೀರಿನಂಶ ಪೂರ್ತಿ ಹೋಗಿರುತ್ತಿದ್ದುದರಿಂದ. ಬಿಸ್ಕತ್ತು ಎಂಬ ಪದ ಹುಟ್ಟಿದ್ದೂ ‘ಎರಡು ಸಲ ಬೇಯಿಸಿದ್ದು’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ನೀವು ಬಿಟ್ಟಿರುವುದು ಆ ಎರಡನೇ ಸಲವನ್ನೇ.

ಹೀಗೆ ಮಾಡಿ ನೋಡಿ. ಕುಂಬಳವನ್ನು ಜರಡಿಯಲ್ಲಿ ಅರ್ಧ ಗಂಟೆ ಬಸಿಯಲು ಬಿಡಿ. ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿಕೊಳ್ಳಿ. ಇಡಿಯಾದ ಓಟ್ಸ್ ನೀರನ್ನು ನಿಧಾನಕ್ಕೆ ಹೀರುತ್ತದೆ, ಬೇಯುವಾಗ ಸುತ್ತಲಿನ ಹಿಟ್ಟಿನಿಂದ ಬಿಟ್ಟುಕೊಳ್ಳುತ್ತದೆ. ನಿಮ್ಮ ಅಂಚು ಉದುರುವುದು ಅದಕ್ಕೇ. ಕಲಸಿದ ಹಿಟ್ಟನ್ನು ನಾಲ್ಕೈದು ನಿಮಿಷ ಚೆನ್ನಾಗಿ ನಾದಿ, 20 ನಿಮಿಷ ಮುಚ್ಚಿಡಿ. ನಮ್ಮ ಕುಕ್ಕೀಸ್‌ಗೆ ಹಿಟ್ಟು ನಾದಬಾರದು ಅನ್ನುತ್ತಾರೆ, ಬಾಯಲ್ಲಿ ಕರಗಬೇಕಲ್ಲ. ನಾಯಿ ಬಿಸ್ಕತ್ತಿಗೆ ಲೆಕ್ಕ ಪೂರ್ತಿ ಉಲ್ಟಾ. ಗೋಧಿಯ ಅಂಟು ಬಿಗಿಯಾದಷ್ಟೂ ಒಳ್ಳೆಯದು. ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಬೇಡ. 170 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿ, ಆಮೇಲೆ 100 ಡಿಗ್ರಿಗೆ ಇಳಿಸಿ ಒಂದು ಗಂಟೆ, ನಂತರ ಓವನ್ ಆರಿಸಿ ಬಾಗಿಲು ಮುಚ್ಚಿದ ಹಾಗೇ ಬಿಡಿ. ಅಲ್ಲೇ ತಣ್ಣಗಾಗಲಿ. ಟ್ರೇ ಕಾಯುವ ಕೆಲಸವೂ ತಪ್ಪುತ್ತದೆ. ಒಂದನ್ನು ಮುರಿದು ನೋಡಿ, ಟಕ್ ಅಂತ ಮುರಿದರೆ ಆಯಿತು. ಬಾಗಿದರೆ ಇನ್ನೂ ನೀರಿದೆ, ಮತ್ತೆ ಅರ್ಧ ಗಂಟೆ ಇಡಿ.

ಮೂರುಬಾಲ:
ಚುಕ್ಕಿಯ ಊಟದ ವಿಷಯಕ್ಕೆ ಬರುತ್ತೇನೆ. ದಿನಕ್ಕೆ ಎಷ್ಟು ಕೊಡುತ್ತೀರಿ?

ಚುಕ್ಕಿಯಮ್ಮ:
ಬೆಳಗ್ಗೆ ವಾಕ್ ಮುಗಿಸಿ ಬಂದಾಗ ಎರಡು, ಮಧ್ಯಾಹ್ನ ಒಂದು, ಸಂಜೆ ಎರಡು, ಮಲಗುವಾಗ ಒಂದು. ಗುಂಡನಿಗೆ ಕೊಟ್ಟಾಗಲೆಲ್ಲ ಅವಳಿಗೂ ಕೊಡಬೇಕಲ್ಲ, ಇಲ್ಲದಿದ್ದರೆ ಮುಖ ನೋಡಲಾಗುವುದಿಲ್ಲ.

ಮೂರುಬಾಲ:
ಆ ಮುಖ ನನಗೂ ಗೊತ್ತು, ನಮ್ಮಲ್ಲಿ ಮೂರು ಇವೆ. ಆದರೂ ಒಂದು ಲೆಕ್ಕ ಹಾಕಿ. ನಿಮ್ಮ ಅಳತೆಯ ಹಿಟ್ಟು, ಓಟ್ಸ್, ಮೊಟ್ಟೆ, ಪೀನಟ್ ಬಟರ್ ಎಲ್ಲ ಸೇರಿದರೆ ಸುಮಾರು 1,450 ಕ್ಯಾಲೊರಿ. 60 ಬಿಸ್ಕತ್ತು ಅಂದರೆ ಒಂದಕ್ಕೆ 24. ದಿನಕ್ಕೆ ಆರು ಕೊಟ್ಟರೆ 144. ಹೆಚ್ಚು ಓಡಾಡದ 12 ಕೆಜಿಯ ಹಿರಿಯ ನಾಯಿಗೆ ಇಡೀ ದಿನಕ್ಕೆ ಬೇಕಾಗುವುದೇ 600ರ ಆಸುಪಾಸು. ತಿಂಡಿಯ ಪಾಲು ಶೇ. 10 ಮೀರಬಾರದು ಎಂದು ಪಶುವೈದ್ಯರು ಹೇಳುತ್ತಾರೆ, ಅಂದರೆ 60. ನೀವು ಅದರ ಎರಡರಷ್ಟಕ್ಕೂ ಹೆಚ್ಚು ಕೊಡುತ್ತಿದ್ದೀರಿ. ಪಾಪ, ಅವಳಿಗೆ ರಾತ್ರಿ ಹಸಿವಾದರೂ ಎಲ್ಲಿಂದ ಬರಬೇಕು? ಕುಂಬಳದ ನಾರು ಅಷ್ಟೊಂದು ಒಮ್ಮೆಲೇ ಹೋದರೆ ಮಲ ಸಡಿಲವಾಗುವುದೂ ಸಹಜ. ಆದರೆ ಆ ಬೂಷ್ಟಿನ ಬಿಸ್ಕತ್ತನ್ನೂ ತಿಂದಿದ್ದಾಳೆ, ವಯಸ್ಸೂ 11. ಬಿಸ್ಕತ್ತು ನಿಲ್ಲಿಸಿ ಎರಡು ದಿನವಾದರೂ ಸರಿಹೋಗದಿದ್ದರೆ ಡಾಕ್ಟರ್‌ಗೆ ತೋರಿಸಿ. ನಡುವೆ ವಾಂತಿಯಾದರೆ ಅಥವಾ ಮಂಕಾಗಿ ಮಲಗಿದರೆ ಎರಡು ದಿನವೂ ಕಾಯಬೇಡಿ.

ಆಮೇಲೆ ಅಚ್ಚು ಬಿಡಿ, ಚಾಕು ಹಿಡಿಯಿರಿ. ಲಟ್ಟಿಸಿದ ಹಿಟ್ಟಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು 240 ಪುಟ್ಟ ಚೌಕ ಮಾಡಿ. ಒಂದಕ್ಕೆ ಆರು ಕ್ಯಾಲೊರಿ. ದಿನಕ್ಕೆ ಹತ್ತು ಸಲ ಕೊಡಬಹುದು. ನಾನು ನೋಡಿದ ಮಟ್ಟಿಗೆ ನಾಯಿಗೆ ತುಂಡಿನ ಗಾತ್ರದ ಲೆಕ್ಕವಿಲ್ಲ, ಎಷ್ಟು ಸಲ ಸಿಕ್ಕಿತು ಎನ್ನುವುದೇ ಲೆಕ್ಕ. ಉಗುರು ಕತ್ತರಿಸುವಾಗ ಒಂದು ಉಗುರಿಗೊಂದು ಚೂರು, ಬಾಗಿಲು ಬಡಿದಾಗ ಬೊಗಳದೆ ಚಾಪೆಗೆ ಹೋದರೆ ಒಂದು ಚೂರು. ಚೂರು ಚಿಕ್ಕದಾದರೆ ಕೊಡುವುದಕ್ಕೆ ಕಾರಣಗಳು ಎಷ್ಟೋ ಸಿಗುತ್ತವೆ.

ಸಂಜೆವಾಕ್:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಪೀನಟ್ ಬಟರ್ ಡಬ್ಬಿಯ ಹಿಂದೆ ಏನು ಬರೆದಿದೆ ಓದಿದ್ದೀರಾ? ‘ಸಕ್ಕರೆ ರಹಿತ’ ಅಂತ ಇದ್ದರೆ ಅದರಲ್ಲಿ ಸಕ್ಕರೆಯ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇರುವ ಸಾಧ್ಯತೆ ಇದೆ. ಕೆಲವು ಕಡೆ ಬರ್ಚ್ ಶುಗರ್ ಅಂತಲೋ ಇ967 ಅಂತಲೋ ಬರೆದಿರುತ್ತಾರೆ. ಮನುಷ್ಯರಿಗೆ ತೊಂದರೆಯಿಲ್ಲ. ನಾಯಿಯ ದೇಹ ಮಾತ್ರ ಅದಕ್ಕೆ ಒಮ್ಮೆಲೇ ಇನ್ಸುಲಿನ್ ಸುರಿಸುತ್ತದೆ, ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿಯಬಹುದು, ಯಕೃತ್ತಿಗೂ ಹಾನಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮಗೆ ಮಾಡಿದ ಒಣದ್ರಾಕ್ಷಿಯ ಓಟ್ಸ್ ಕುಕ್ಕೀಸ್ ಮತ್ತು ನಾಯಿಯ ಬಿಸ್ಕತ್ತು ಎರಡನ್ನೂ ನಾನು ಒಂದೇ ಥರದ ಡಬ್ಬಿಯಲ್ಲಿ ಇಡುತ್ತಿದ್ದೆ. ಮನೆಗೆ ಬಂದ ನೆಂಟರು ಪ್ರೀತಿಯಿಂದ ತಪ್ಪು ಡಬ್ಬಿಯಿಂದ ನಾಲ್ಕು ಕೊಟ್ಟರು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ, ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆ. ಕಾಯದೆ ಆಗಲೇ ಆಸ್ಪತ್ರೆಗೆ ಓಡಿದೆವು. ಅಲ್ಲಿ ವಾಂತಿ ಮಾಡಿಸಿ, ಎರಡು ದಿನ ಡ್ರಿಪ್ ಹಾಕಿ ಇರಿಸಿಕೊಂಡರು. ಉಳಿದಳು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ವಿಷವಾಗಬಹುದು. ಚಾಕೊಲೇಟ್, ಮೆಕಡೇಮಿಯಾ ಬೀಜ, ಈರುಳ್ಳಿ, ಬೆಳ್ಳುಳ್ಳಿ, ಯೀಸ್ಟ್ ಹಾಕಿದ ಹಸಿ ಹಿಟ್ಟು, ಇವೂ ನಾಯಿಗೆ ಸಿಗಬಾರದು. ಈಗ ನಮ್ಮ ಮನೆಯಲ್ಲಿ ನಾಯಿಯ ಡಬ್ಬಿ ಗಾಜಿನದು, ನಮ್ಮದು ಸ್ಟೀಲಿನದು, ಅದೂ ಮೇಲಿನ ಕಪಾಟಿನಲ್ಲಿ.

ಚುಕ್ಕಿಯಮ್ಮ:
ಓದಿದ ತಕ್ಷಣ ಎದ್ದು ಹೋಗಿ ನೋಡಿದೆ. ಕಡಲೆಕಾಯಿ ಮತ್ತು ಉಪ್ಪು ಅಷ್ಟೇ ಇದೆ. ಇನ್ನು ಮೇಲೆ ಉಪ್ಪಿಲ್ಲದ್ದನ್ನು ತರುತ್ತೇನೆ. ನಿಮ್ಮ ನಾಯಿ ಉಳಿದದ್ದು ಓದಿ ನಿಟ್ಟುಸಿರು ಬಿಟ್ಟೆ.

ಚುಕ್ಕಿಯಮ್ಮ (ಎಂಟು ದಿನಗಳ ನಂತರ):
ಬಿಸ್ಕತ್ತು ನಿಲ್ಲಿಸಿದ ಮರುದಿನವೇ ಚುಕ್ಕಿ ತಟ್ಟೆ ಖಾಲಿ ಮಾಡಿದಳು, ಮಲವೂ ಗಟ್ಟಿಯಾಯಿತು. ಆಮೇಲೆ ಹೊಸದಾಗಿ ಮಾಡಿದೆ. ಬಸಿದ ಕುಂಬಳ, ಪುಡಿ ಮಾಡಿದ ಓಟ್ಸ್, ಚಾಕುವಿನ ಚೌಕ. ಟಕ್ ಅಂತ ಮುರಿಯುತ್ತದೆ. ಡಬ್ಬಿಗೆ ಹಾಕಿ ಇವತ್ತಿಗೆ ಐದು ದಿನ, ಬೂಷ್ಟಿನ ಸುಳಿವಿಲ್ಲ. ಗುಂಡ ಕಟಕಟ ಅಗಿದು ಇನ್ನೊಂದಕ್ಕೆ ನಿಂತಿರುತ್ತಾನೆ. ಆದರೆ ಚುಕ್ಕಿ ಬಾಯಲ್ಲಿ ಹಾಕಿಕೊಂಡು, ಆ ಕಡೆ ಈ ಕಡೆ ಹೊರಳಿಸಿ, ನೆಲಕ್ಕೆ ಬಿಡುತ್ತಾಳೆ. ಬಿಟ್ಟದ್ದನ್ನು ಗುಂಡ ಎತ್ತಿಕೊಳ್ಳುತ್ತಾನೆ. ನೋಡಿ ಬೇಜಾರಾಯಿತು.

ಹಿಟ್ಟಿನಕೈ:
ನಾನು ಅವಳ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು, ತಪ್ಪು ನನ್ನದು. ಅಗಿಯಲು ಹಿಂಜರಿದರೆ ಹಲ್ಲು ಅಥವಾ ವಸಡು ನೋಯುತ್ತಿರಬಹುದು, ಒಮ್ಮೆ ಬಾಯಿ ತೋರಿಸಿ. ಬಿಸ್ಕತ್ತಿನ ಮಟ್ಟಿಗೆ ಹೇಳುವುದಾದರೆ, ಒಂದೇ ಹಿಟ್ಟನ್ನು ಎರಡು ಪಾಲು ಮಾಡಿ. ಗುಂಡನದು ಎರಡು ಸಲ ಬೇಯಲಿ. ಚುಕ್ಕಿಯದು ಮೊದಲ 25 ನಿಮಿಷಕ್ಕೇ ಹೊರಗೆ ಬರಲಿ. ಅದನ್ನು ಪೂರ್ತಿ ಆರಿಸಿ, ಮೂರು ದಿನದ್ದನ್ನು ಫ್ರಿಜ್‌ನಲ್ಲಿಟ್ಟು ಉಳಿದದ್ದನ್ನು ಫ್ರೀಜರ್‌ಗೆ ಹಾಕಿ. ಅಲ್ಲಿ ಎರಡು ತಿಂಗಳು ಧಾರಾಳವಾಗಿ ಇರುತ್ತದೆ. ಈಗಾಗಲೇ ಮಾಡಿರುವ ಗಟ್ಟಿ ಚೂರುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ. ನೆನೆದದ್ದು ಆಗಲೇ ಖರ್ಚಾಗಬೇಕು, ಮತ್ತೆ ಡಬ್ಬಿಗೆ ಹೋಗಬಾರದು.

ಚುಕ್ಕಿಯಮ್ಮ:
ಡಾಕ್ಟರ್ ನೋಡಿದರು. ಹಿಂದಿನ ಒಂದು ದವಡೆ ಹಲ್ಲು ಅಲ್ಲಾಡುತ್ತಿದೆ, ಮುಂದಿನ ವಾರ ತೆಗೆಯುತ್ತಾರೆ. ಇಷ್ಟು ದಿನ ಆ ನೋವು ಇಟ್ಟುಕೊಂಡೇ ನನ್ನ ಕೈಯಿಂದ ಬಿಸ್ಕತ್ತು ಇಸಿದುಕೊಳ್ಳುತ್ತಿದ್ದಳು. ಇವತ್ತು ನೆನೆಸಿದ ಚೂರು ಕೊಟ್ಟೆ. ನಿಧಾನಕ್ಕೆ ತಿಂದು, ಬಟ್ಟಲಿನ ನೀರನ್ನೂ ನೆಕ್ಕಿ, ಪಕ್ಕದಲ್ಲೇ ಮಲಗಿದ್ದಾಳೆ. ಗುಂಡನಿಗೆ ಹತ್ತರಲ್ಲಿ ಏಳು ಮುಗಿದಿದೆ, ರಾತ್ರಿಗೆ ಮೂರು ಉಳಿಸಿದ್ದೇನೆ.