ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ವರ್ಷವಿಡೀ ಹಳೆಯ ಬೈಕಿನಲ್ಲಿ: ಒಂದು ಪ್ರಶ್ನೆ, ನಾಲ್ವರ ಅನುಭವ

ಪ್ರಶ್ನೆ (ಅಣ್ಣಿಗೇರಿಯಿಂದ)

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿದೆ. ಪಾಳಿ ಬದಲಾಗುತ್ತಿರುವುದರಿಂದ ಬಸ್ಸು, ರೈಲಿನ ವೇಳೆ ಹೊಂದುವುದಿಲ್ಲ. ಹೋಗಿ ಬರಲು ದಿನಕ್ಕೆ ಸುಮಾರು 75 ಕಿ.ಮೀ. ಆಗುತ್ತದೆ. ಕೈಯಲ್ಲಿ ಐವತ್ತು ಸಾವಿರ ರೂಪಾಯಿ ಇದೆ. ಸಾಲ ಮಾಡಿ ಹೊಸ ಗಾಡಿ ಕೊಳ್ಳುವ ಮನಸ್ಸಿಲ್ಲ. ಸೆಕೆಂಡ್ ಹ್ಯಾಂಡ್ ಬೈಕು ಮಳೆ, ಬಿಸಿಲು ಎನ್ನದೆ ಇಷ್ಟು ದೂರ ದಿನವೂ ಓಡೀತೇ? ಕೊಳ್ಳುವಾಗ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಇಟ್ಟುಕೊಳ್ಳಬೇಕು? ಬಲ್ಲ ಹಿರಿಯರು ದಯವಿಟ್ಟು ತಿಳಿಸಬೇಕು.

ಧಾರವಾಡದ ಬ್ಯಾಂಕ್ ಉದ್ಯೋಗಿಯೊಬ್ಬರ ಉತ್ತರ

ಖಂಡಿತ ಓಡುತ್ತದೆ. ಧಾರವಾಡದ ಟೋಲ್ ನಾಕಾದಿಂದ ಹುಬ್ಬಳ್ಳಿಯ ಹೊಸೂರಿನವರೆಗೆ ನಾನು ವರ್ಷಗಳಿಂದ ಹಳೆಯ ಗಾಡಿಯಲ್ಲೇ ಹೋಗಿ ಬರುತ್ತಿದ್ದೇನೆ. ಆದರೆ ಗಾಡಿ ನೋಡಲು ಹೊರಡುವ ಮುಂಚೆ ನಿಮ್ಮ ಓಡಾಟದ ಲೆಕ್ಕವನ್ನು ಒಂದು ಕಾಗದದ ಮೇಲೆ ಹಾಕಿಕೊಳ್ಳಿ. ದಿನಕ್ಕೆ 75 ಕಿ.ಮೀ. ಎಂದರೆ ತಿಂಗಳಿಗೆ ಇಪ್ಪತ್ತೈದು ದಿನ ಹಿಡಿದರೂ 1,875 ಕಿ.ಮೀ., ವರ್ಷಕ್ಕೆ 22,000ಕ್ಕೂ ಮೇಲೆ. ಪೇಟೆಯೊಳಗೆ ಕಿರಾಣಿ ಅಂಗಡಿ, ಶಾಲೆ ಎಂದು ತಿರುಗುವ ಮನೆಯ ಗಾಡಿ ಮೂರು ನಾಲ್ಕು ವರ್ಷಗಳಲ್ಲಿ ಓಡುವಷ್ಟನ್ನು ನಿಮ್ಮದು ಒಂದೇ ವರ್ಷದಲ್ಲಿ ಓಡಲಿದೆ. ಹೀಗಾಗಿ ಮೂರು ತಿಂಗಳಿಗೊಮ್ಮೆ ಸರ್ವಿಸ್ ಎಂಬ ರೂಢಿಯ ಮಾತು ನಿಮಗೆ ಹೊಂದುವುದಿಲ್ಲ. ಕ್ಯಾಲೆಂಡರನ್ನು ಬದಿಗಿಟ್ಟು ಮೀಟರ್ ನೋಡಿ ಕೆಲಸ ಮಾಡಿಸಬೇಕು. 3,000 ಕಿ.ಮೀ.ಗೊಮ್ಮೆ ಎಂಜಿನ್ ಆಯಿಲ್ ಬದಲಿಸುವುದಾದರೆ ಅದು ನಿಮಗೆ ಏಳು ವಾರಕ್ಕೊಮ್ಮೆ ಬರುತ್ತದೆ. ಚೈನ್ ಸೆಟ್ಟು, ಹಿಂದಿನ ಟೈರು ಹೆಚ್ಚುಕಡಿಮೆ ವರ್ಷಕ್ಕೊಮ್ಮೆಯ ಖರ್ಚು ಎಂದೇ ಇಟ್ಟುಕೊಳ್ಳಿ.

ಇದರಿಂದ ಹುಟ್ಟುವ ಎರಡನೆಯ ಮಾತು ಹಣದ್ದು. ಐವತ್ತು ಸಾವಿರವನ್ನೂ ಗಾಡಿಯ ಬೆಲೆಗೆ ಸುರಿಯಬೇಡಿ. ನಲವತ್ತರೊಳಗೆ ಗಾಡಿ ಹಿಡಿದು, ಉಳಿದ ಹತ್ತನ್ನು ಮೊದಲ ತಿಂಗಳಿಗೆಂದು ಮುಟ್ಟದೆ ಇಡಿ. ಎರಡು ಟೈರು, ಚೈನ್ ಸೆಟ್ಟು, ಬ್ಯಾಟರಿ ಈ ಮೂರನ್ನು ಹೊಸದಾಗಿ ಹಾಕಿಸಿದರೇ ಆರೇಳು ಸಾವಿರದ ಆಸುಪಾಸಾಗುತ್ತದೆ. ಗಾಡಿ 100ರಿಂದ 125 ಸಿಸಿಯೊಳಗೆ ಇರಲಿ. ಸ್ಪ್ಲೆಂಡರ್, ಪ್ಲಾಟಿನಾ, ಶೈನ್ ಇಂಥವುಗಳ ಕ್ಲಚ್ ವೈರು, ಬ್ರೇಕ್ ಲೈನರು ತಾಲೂಕು ಪೇಟೆಯ ಅಂಗಡಿಯಲ್ಲೂ ಸಿಗುತ್ತವೆ. ದಿನವೂ ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ; ಒಂದು ಸಣ್ಣ ಸಾಮಾನಿಗಾಗಿ ನಾಲ್ಕು ದಿನ ಗಾಡಿ ನಿಂತರೆ ನಾಲ್ಕು ದಿನದ ಪಾಳಿ ಹೋಯಿತು.

ಗಾಡಿ ನೋಡಲು ಬೆಳಿಗ್ಗೆ ಹೋಗಿ, ನೀವು ಬರುವತನಕ ಚಾಲೂ ಮಾಡಬಾರದೆಂದು ಮಾರುವವರಿಗೆ ಮೊದಲೇ ಹೇಳಿ. ಹೋದ ಕೂಡಲೇ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿ. ಅದು ಆಗಲೇ ಬೆಚ್ಚಗಿದ್ದರೆ, ತಣ್ಣಗಿದ್ದಾಗ ಸುಲಭಕ್ಕೆ ಚಾಲೂ ಆಗುವುದಿಲ್ಲವೆಂಬ ಅನುಮಾನಕ್ಕೆ ಎಡೆಯಿದೆ. ಚಾಲೂ ಮಾಡಿ ಸೈಲೆನ್ಸರಿನ ಬಳಿ ನಿಲ್ಲಿ. ಎಕ್ಸಲೇಟರ್ ತಿರುವಿದಾಗಲೆಲ್ಲ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬೋರ್ ಕೆಲಸ (ಸವೆದ ಸಿಲಿಂಡರಿನ ರಿಪೇರಿ) ಬಾಕಿ ಇದೆ ಎಂದರ್ಥ. ಅಂಥ ಗಾಡಿಯ ಬೆಲೆ ಎಷ್ಟೇ ಇಳಿದರೂ ಬೇಡ. ಆಮೇಲೆ ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತೂಗಿ. ಹ್ಯಾಂಡಲಿನ ಬುಡದಲ್ಲಿ ಟಕ್ ಎಂದರೆ ಕೋನ್ ಸೆಟ್ ಸಡಿಲಾಗಿದೆ. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರವನ್ನು ಎತ್ತಿಸಿಕೊಂಡು, ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನ ತಿರುಗಿಸಿದಾಗ ನಟ್ಟನಡುವೆ ಗುಳಿಗೆ ಬಿದ್ದಂತೆ ತಡೆದು ನಿಂತರೆ ಅದರ ಬೇರಿಂಗು ಸವೆದಿದೆ. ಇದು ಸಣ್ಣ ಖರ್ಚು, ಬೆಲೆ ಇಳಿಸಲು ಸಾಕು, ಗಾಡಿಯನ್ನು ಬಿಡಬೇಕಿಲ್ಲ. ಆದರೆ ನೇರ ರಸ್ತೆಯಲ್ಲಿ ಓಡಿಸುವಾಗ ಗಾಡಿ ಒಂದು ಬದಿಗೇ ಎಳೆಯುತ್ತಿದ್ದರೆ, ಹಿಂದೆ ನಿಂತು ನೋಡಿದಾಗ ಎರಡು ಚಕ್ರಗಳು ಒಂದೇ ಗೆರೆಯಲ್ಲಿ ಕಾಣದಿದ್ದರೆ, ಎಲ್ಲೋ ಬಿದ್ದು ಚಾಸಿಸ್ ಬಾಗಿರಬಹುದು. ಅದನ್ನು ಕೈಬಿಡಿ.

ಮೀಟರಿನ ಅಂಕಿಯನ್ನು ಒಂದೇ ನಂಬಬೇಡಿ. ಗೇರಿನ ರಬ್ಬರು, ಕಾಲಿಡುವ ರಬ್ಬರು, ಬ್ರೇಕ್ ಪೆಡಲಿನ ಅಂಚು ನೋಡಿ. ಇಪ್ಪತ್ತು ಸಾವಿರ ಓಡಿದೆ ಎನ್ನುವ ಗಾಡಿಯ ಪೆಡಲು ಸವೆದು ನುಣುಪಾಗಿ ಹೊಳೆಯುತ್ತಿದ್ದರೆ ಅಂಕಿಗೂ ಗಾಡಿಗೂ ತಾಳೆಯಾಗುವುದಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 1421 ಎಂದಿದ್ದರೆ 2021ನೇ ಇಸವಿಯ ಹದಿನಾಲ್ಕನೇ ವಾರ ತಯಾರಾದದ್ದು. ನಮ್ಮ ಬಿಸಿಲಿಗೆ ಆರೇಳು ವರ್ಷದ ರಬ್ಬರು ಗಟ್ಟಿಯಾಗಿ, ಗೀರು ಆಳವಾಗಿದ್ದರೂ ಮಳೆಯಲ್ಲಿ ಜಾರುತ್ತದೆ.

ಕೊಂಡ ಮೊದಲ ವಾರ ನೀವು ಮಾಡಬೇಕಾದ ಕೆಲಸವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿದ್ದೇನೆ. ಹಿಂದಿನ ಮಾಲೀಕರು ಮೊನ್ನೆಯೇ ಆಯಿಲ್ ಹಾಕಿಸಿದ್ದೇನೆ ಎಂದರೂ ಅದನ್ನು ಪಕ್ಕಕ್ಕಿಟ್ಟು, ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ಗು, ಬ್ರೇಕ್ ಲೈನರು, ಕ್ಲಚ್ ಮತ್ತು ಎಕ್ಸಲೇಟರ್ ವೈರುಗಳನ್ನು ಒಮ್ಮೆಗೇ ಹೊಸದು ಮಾಡಿಸಿ, ಅಂದಿನ ಮೀಟರ್ ಅಂಕಿಯನ್ನು ಒಂದು ಸಣ್ಣ ನೋಟುಬುಕ್ಕಿನಲ್ಲಿ ಬರೆದಿಡಿ. ಅಲ್ಲಿಂದ ಮುಂದೆ ಗಾಡಿಯ ಯಾವ ಭಾಗಕ್ಕೆ ಎಷ್ಟು ಕಿ.ಮೀ. ಆಯಿತೆಂಬುದು ಊಹೆಯಾಗಿ ಉಳಿಯುವುದಿಲ್ಲ. ಹಳೆಯ ಗಾಡಿ ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಹಳೆಯದೆಂಬ ಕಾರಣಕ್ಕಲ್ಲ, ಯಾವುದನ್ನು ಯಾವಾಗ ಬದಲಿಸಿದ್ದೆಂದು ಯಾರಿಗೂ ಗೊತ್ತಿಲ್ಲದ ಕಾರಣಕ್ಕೆ.

ಗದಗ ತಾಲೂಕಿನ ಶಿಕ್ಷಕಿಯೊಬ್ಬರ ಉತ್ತರ

ಧಾರವಾಡದ ಸಹೋದರರು ಹೇಳಿದ್ದೆಲ್ಲ ಸರಿಯಿದೆ. ಆದರೆ ಅವರ ದಾರಿ ಬೇರೆ, ಅಣ್ಣಿಗೇರಿಯ ದಾರಿ ಬೇರೆ. ನಮ್ಮದು ಎರಿಭೂಮಿ. ಹೆದ್ದಾರಿ ಚೆನ್ನಾಗಿದೆ, ನಿಜ. ಮನೆಯಿಂದ ಹೆದ್ದಾರಿಗೆ ಬರುವ ದಾರಿ, ಎಲ್ಲಾದರೂ ಕೆಲಸ ನಡೆದು ರಸ್ತೆ ಬದಿಗೆ ಇಳಿಸಿದ ಜಾಗ, ಹೊಲದಿಂದ ಏರಿದ ಟ್ರ್ಯಾಕ್ಟರು ಮಣ್ಣು ಉದುರಿಸಿ ಹೋದ ಜಾಗ, ಇವೇ ಮಳೆಗಾಲದಲ್ಲಿ ಪರೀಕ್ಷೆ ಮಾಡುತ್ತವೆ. ಹಸಿ ಎರಿಮಣ್ಣು ಟೈರಿಗೆ ಮೆತ್ತಿ, ಮುಂದಿನ ಮಡ್‌ಗಾರ್ಡಿನೊಳಗೆ ಪದರು ಪದರಾಗಿ ತುಂಬಿ, ಕೊನೆಗೆ ಚಕ್ರವೇ ತಿರುಗದಂತೆ ಹಿಡಿದುಬಿಡುತ್ತದೆ. ಆಗ ಎಕ್ಸಲೇಟರ್ ಒತ್ತಿ ಎಳೆಸಿದರೆ ಕ್ಲಚ್ ಪ್ಲೇಟು ಸುಡುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಸೀಟಿನ ಕೆಳಗೆ ಒಂದು ಗಟ್ಟಿ ಕಟ್ಟಿಗೆಯ ತುಂಡನ್ನೋ ಹಳೆಯ ಸ್ಕ್ರೂಡ್ರೈವರನ್ನೋ ಇಟ್ಟುಕೊಂಡು, ಮಣ್ಣು ಹಸಿಯಿರುವಾಗಲೇ ಕೆರೆದು ತೆಗೆಯಿರಿ. ಒಣಗಲು ಬಿಟ್ಟರೆ ಮರುದಿನ ಅದು ಕಲ್ಲಾಗಿರುತ್ತದೆ. ಇದೇ ಕಾರಣಕ್ಕೆ ಪೂರ್ತಿ ಚೈನ್ ಕವರ್ ಇರುವ ಗಾಡಿಯನ್ನೇ ಆರಿಸಿಕೊಳ್ಳಿ. ನೋಡಲು ಚೆಂದವೆಂದು ಕವರ್ ಬಿಚ್ಚಿಸಿದ ಗಾಡಿಗಳು ಮಾರಾಟಕ್ಕೆ ಬರುತ್ತವೆ; ನಮ್ಮ ಮಣ್ಣಿನಲ್ಲಿ ಅಂಥ ಗಾಡಿಯ ಚೈನು ಬಹಳ ಬೇಗ ಸವೆಯುತ್ತದೆ.

ಆಷಾಢದ ಗಾಳಿಯನ್ನು ಹಗುರವಾಗಿ ಎಣಿಸಬೇಡಿ. ನೀವು ಬೆಳಿಗ್ಗೆ ಪಡುವಣಕ್ಕೆ ಹೊರಡುತ್ತೀರಿ, ಗಾಳಿಯೂ ಪಡುವಣದಿಂದಲೇ ಬೀಸುತ್ತದೆ. ಆ ತಿಂಗಳುಗಳಲ್ಲಿ ಆವರೇಜ್ ಇಳಿದರೆ ಎಂಜಿನ್ ಕೆಟ್ಟಿತೆಂದು ಗಾಬರಿಯಾಗಿ ಕಾರ್ಬೊರೇಟರ್ ಬಿಚ್ಚಿಸುವ ಅಗತ್ಯವಿಲ್ಲ. ವೇಗವನ್ನು ಐವತ್ತಕ್ಕೆ ಇಳಿಸಿ ಹೋಗಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹೋಗುವಾಗ ಸೂರ್ಯ ನಿಮ್ಮ ಬೆನ್ನಿಗೆ, ಸಂಜೆ ಮರಳುವಾಗಲೂ ಬೆನ್ನಿಗೇ. ನಿಮ್ಮ ಕಣ್ಣಿಗೆ ಸುಖವಾದರೂ ಎದುರಿನಿಂದ ಬರುವ ಲಾರಿಯವರ ಕಣ್ಣಿಗೆ ಬಿಸಿಲು ನೇರವಾಗಿ ಹೊಡೆಯುತ್ತದೆ, ನೀವು ಅವರಿಗೆ ಕಾಣುವುದೇ ಇಲ್ಲ. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಹೆಡ್‌ಲೈಟು ತಾನಾಗಿಯೇ ಉರಿಯುತ್ತದೆ. ಅದಕ್ಕಿಂತ ಹಳೆಯದನ್ನು ಕೊಂಡರೆ ಹಗಲಿನಲ್ಲೂ ಲೈಟು ಹಾಕಿಕೊಂಡೇ ಹೋಗಿ.

ಹೆಸರು, ಕಡಲೆ ಕೊಯ್ಲಿನ ದಿನಗಳಲ್ಲಿ ಕೆಲವರು ರಸ್ತೆಯ ಮೇಲೆಯೇ ಬಳ್ಳಿ ಹರವುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಟೈರು ಜಾರುತ್ತದೆ, ಒಣ ಹೊಟ್ಟು ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡರೆ ಹೊತ್ತಿಕೊಳ್ಳಲೂಬಹುದು. ದಾಟಿದ ಮೇಲೆ ಬದಿಗೆ ನಿಲ್ಲಿಸಿ, ಬಗ್ಗಿ ನೋಡಿ ಎಳೆದು ಹಾಕಿ. ಬೆಣ್ಣೆಹಳ್ಳಕ್ಕೆ ನೀರು ಬಂದ ದಿನ ಮಾತ್ರ ಪಾಳಿಯ ಆಸೆಗೆ ಬಿದ್ದು ಹರಿಯುವ ನೀರಿಗೆ ಗಾಡಿ ಇಳಿಸಬೇಡಿ. ಅಂದು ರೈಲು ಹಿಡಿಯಿರಿ, ತಡವಾದರೂ ಚಿಂತೆಯಿಲ್ಲ.

ಹುಬ್ಬಳ್ಳಿಯ ಗ್ಯಾರೇಜಿನವರೊಬ್ಬರ ಉತ್ತರ

ದಿನಕ್ಕೆ 75 ಕಿ.ಮೀ. ಓಡುವವರಿಗೆ ನನ್ನ ಆಯ್ಕೆ ಬಿಎಸ್-6 (ಹೊಗೆ ನಿಯಂತ್ರಣದ ಮಾನದಂಡ) ಗಾಡಿ, ಅಂದರೆ 2020ರ ಏಪ್ರಿಲ್ ನಂತರದ್ದು. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇರುತ್ತದೆ. ಕಾರ್ಬೊರೇಟರ್ ಗಾಡಿಯನ್ನು ಎಲ್ಲಿ ಬೇಕಾದರೂ ರಿಪೇರಿ ಮಾಡಿಸಬಹುದೆಂಬುದು ನಿಜ. ಆದರೆ ಈಗಿನ ಎಥೆನಾಲ್ ಬೆರೆತ ಪೆಟ್ರೋಲು ನೀರಿನಂಶವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳಿಗೂ ಒಗ್ಗುವುದಿಲ್ಲ. ಕಾರ್ಬೊರೇಟರ್ ಗಾಡಿಯನ್ನೇ ಕೊಂಡರೆ ಪೆಟ್ರೋಲ್ ಪೈಪನ್ನು ಮೊದಲ ದಿನವೇ ಹೊಸದು ಹಾಕಿಸಿ, ಮಳೆಗಾಲದಲ್ಲಿ ಆಗಾಗ ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ತಳದ ನೀರು ಬಿಡಿಸಿ. ಬಿಎಸ್-6 ಗಾಡಿಗೆ ಎರಡು ಶಿಸ್ತು ಬೇಕು. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಿಂದಲೇ ತಂಪಾಗುವುದರಿಂದ ಟ್ಯಾಂಕು ಬರಿದಾಗುವತನಕ ಓಡಿಸಬಾರದು. ಎರಡನೆಯದು ಬ್ಯಾಟರಿ. ಅದು ಪೂರ್ತಿ ಇಳಿದರೆ ಹಲವು ಗಾಡಿಗಳು ಕಿಕ್ ಹೊಡೆದರೂ ಚಾಲೂ ಆಗುವುದಿಲ್ಲ. ಸೆಲ್ಫ್ ಎಳೆಯುವ ದನಿ ಬೆಳಿಗ್ಗೆ ಮಂದವಾಗಿ ಕೇಳತೊಡಗಿದರೆ ಮುಂದಿನ ವಾರಕ್ಕೆ ಎಂದು ತಳ್ಳದೆ ತೋರಿಸಿ.

ಆಯಿಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಕಾರಿನ ಆಯಿಲ್ ಒಳ್ಳೆಯದೆಂದು ಬೈಕಿಗೆ ಹಾಕುವವರಿದ್ದಾರೆ. ಬೈಕಿನ ಕ್ಲಚ್ಚು ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ, ಕಾರಿನ ಆಯಿಲ್‌ನ ಜಾರುವ ಗುಣಕ್ಕೆ ಪ್ಲೇಟುಗಳು ಹಿಡಿತ ಬಿಡುತ್ತವೆ. ಡಬ್ಬಿಯ ಮೇಲೆ ಬೈಕಿನ ಆಯಿಲ್‌ಗೆ ಇರುವ ಜಾಸೊ ಎಂಎ (JASO MA) ಎಂಬ ಗುರುತು ನೋಡಿ, ಕಂಪನಿ ಹೇಳಿದ ಗ್ರೇಡನ್ನೇ ಹಾಕಿಸಿ. ಚೈನನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆಯಬಹುದು, ಪೆಟ್ರೋಲಿನಲ್ಲಿ ಬೇಡ. ತೊಳೆದು ಒರೆಸಿ, 90 ನಂಬರಿನ ಗೇರ್ ಆಯಿಲ್ ಹಚ್ಚಿ. ಪಾಳಿ ಮುಗಿಸಿ ಮನೆಗೆ ಬಂದಾಗ ಚೈನ್ ಬೆಚ್ಚಗಿರುತ್ತದೆ. ಆಗ ಹಚ್ಚಿದರೆ ರಾತ್ರಿಯೆಲ್ಲ ಒಳಗೆ ಇಳಿಯುತ್ತದೆ. ಚೈನ್ ಕವರಿನ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಎತ್ತಿ ನೋಡಿದರೆ ಈ ವರ್ಗದ ಹೆಚ್ಚಿನ ಗಾಡಿಗಳಲ್ಲಿ 20ರಿಂದ 30 ಮಿ.ಮೀ. ಸಡಿಲ ಇರಬೇಕು. ತೀರ ಬಿಗಿ ಮಾಡಿಸಬೇಡಿ, ಬೇರಿಂಗ್ ಹೋಗುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಶರ್ ಪೈಪನ್ನು ಚಕ್ರದ ನಡುವಿನ ಬೇರಿಂಗಿಗೂ ಮೀಟರಿಗೂ ಹಿಡಿಯದಂತೆ ಎದುರು ನಿಂತು ಹೇಳಿ.

ಹಾವೇರಿಯಿಂದ ಬಂದ ಉತ್ತರ, ಕಾಗದಪತ್ರದ ಬಗ್ಗೆ

ಗಾಡಿ ಎಷ್ಟೇ ಚೆನ್ನಾಗಿದ್ದರೂ ಆರ್‌ಸಿ (ನೋಂದಣಿ ಪತ್ರ) ನಿಮ್ಮ ಹೆಸರಿಗೆ ಬರುವತನಕ ಅದು ಕಾನೂನಿನ ಕಣ್ಣಿಗೆ ಬೇರೆಯವರ ಗಾಡಿ. ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಬಾಕಿ ದಂಡ ಇದೆಯೇ ಎಂದು ಆನ್‌ಲೈನಿನಲ್ಲಿ ನೋಡಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಇರುವುದು 14 ದಿನ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಹೀಗಾಗಿ 2020ರ ಗಾಡಿಯ ಆ ವಿಮೆ 2025ರಲ್ಲೇ ಮುಗಿದಿರುತ್ತದೆ, ಆಮೇಲೆ ಕಟ್ಟಿದ್ದಾರೆಯೇ ಎಂದು ಕೇಳಿ.

ಅಣ್ಣಿಗೇರಿಯವರ ಮರುಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ಗದಗದಲ್ಲಿ ಕೆಎ-26 ಪಾಸಿಂಗಿನ 2020ರ ಒಂದು ಬಿಎಸ್-6 ಗಾಡಿ ಸಿಗುತ್ತಿದೆ. ಬೆಲೆ 41,000 ಹೇಳುತ್ತಿದ್ದಾರೆ. ಸಾಲ ತೀರಿದೆಯಂತೆ, ಆದರೆ ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಹಾಗೆಯೇ ಇದೆ. ಮುಂದುವರಿಯಬಹುದೇ?

ಹಾವೇರಿಯವರು

ಫೈನಾನ್ಸಿನವರಿಂದ ಫಾರ್ಮ್ 35 ಮತ್ತು ಸಾಲ ತೀರಿದ ಪತ್ರ ತಂದು, ಆರ್‌ಸಿಯಿಂದ ಆ ಹೆಸರನ್ನು ತೆಗೆಸುವ ಕೆಲಸ ಮಾರುವವರದ್ದು. ಅಲ್ಲಿಯವರೆಗೆ ಸಣ್ಣ ಮುಂಗಡವನ್ನಷ್ಟೇ ಕೊಟ್ಟು, ಅದಕ್ಕೂ ಬರಹದಲ್ಲಿ ರಸೀದಿ ಪಡೆಯಿರಿ. ಪಾಸಿಂಗು ಗದಗದ್ದೆಂಬುದು ಅಡ್ಡಿಯಲ್ಲ. ರಾಜ್ಯದೊಳಗೆ ನಂಬರು ಬದಲಾಗುವುದಿಲ್ಲ.

ಗ್ಯಾರೇಜಿನವರು

ಕಾಗದ ಸರಿಯಾದರೆ, ಮಾರುವವರನ್ನು ಹಿಂದೆ ಕೂರಿಸಿಕೊಂಡು ಗದಗದಿಂದ ಅಣ್ಣಿಗೇರಿಯವರೆಗೆ ನೀವೇ ಓಡಿಸಿ ನೋಡಿ. ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಕಾಣದ ದೋಷ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಕಾಣುತ್ತದೆ. ಇಳಿದ ಕೂಡಲೇ ಎಂಜಿನ್ ಬಂದ್ ಮಾಡಿ, ಕೆಳಗೆ ಒಂದು ಬಿಳಿ ಕಾಗದ ಹಾಸಿ, ಅರ್ಧ ಗಂಟೆ ಬಿಟ್ಟು ಆಯಿಲ್ ಹನಿ ಬಿದ್ದಿದೆಯೇ ನೋಡಿ. ನಂತರ ಮತ್ತೆ ಚಾಲೂ ಮಾಡಿ, ನ್ಯೂಟ್ರಲ್ ಒಮ್ಮೆಗೇ ಬೀಳುತ್ತದೆಯೇ, ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆರುತ್ತದೆಯೇ ಎಂಬುದನ್ನು ಗಮನಿಸಿ. ಇವಿಷ್ಟೂ ಸರಿಯಿದ್ದರೆ ಮೂರು ಸಾವಿರ ಇಳಿಸಿ ಕೇಳಿ, ಎರಡಕ್ಕೆ ಒಪ್ಪಿಕೊಳ್ಳಿ.