ಕೃಷಿ ಹೊಂಡದ ರೋಹು ಮೀನಿಗೆ ಹೇನು ಹತ್ತಿದೆ, ಯಾವ ಔಷಧಿ ಎಷ್ಟು ಹಾಕಬೇಕು?

ಪ್ರಶ್ನೆ – ಹೊಂಡದಮೀನು_ಹಾವೇರಿ

ಎಲ್ಲರಿಗೂ ನಮಸ್ಕಾರ. 21×21×3 ಮೀಟರ್ ಕೃಷಿ ಹೊಂಡ, ತಾಡಪಾಲು ಹಾಸಿದ್ದು. ಈಗ ನೀರು 2 ಮೀಟರ್ ಇದೆ. ಜುಲೈನಲ್ಲಿ 1,500 ಮರಿ ಬಿಟ್ಟಿದ್ದು, ಅದರಲ್ಲಿ ರೋಹು 900, ಕಾಟ್ಲಾ 600. ಈಗ ಸರಾಸರಿ ತೂಕ 80 ಗ್ರಾಂ ಇರಬಹುದು. ಹದಿನೈದು ದಿನದಿಂದ ರೋಹು ತಾಡಪಾಲಿಗೆ ಮೈ ಉಜ್ಜುತ್ತಿವೆ, ಸುಮ್ಮಸುಮ್ಮನೆ ಮೇಲಕ್ಕೆ ಹಾರುತ್ತಿವೆ, ಹಾಕಿದ ತಿಂಡಿ ಅರ್ಧ ಉಳಿಯುತ್ತಿದೆ. ರೆಕ್ಕೆ ಬುಡದಲ್ಲಿ ಕೆಂಪು ಚುಕ್ಕೆ, ಅದರ ಪಕ್ಕದಲ್ಲೇ ಜೋಳದ ಕಾಳಿನಷ್ಟು ಚಪ್ಪಟೆ ಹುಳ ಅಂಟಿಕೊಂಡಿದೆ, ಬೆರಳಲ್ಲಿ ಒತ್ತಿದರೆ ಜಾರುತ್ತದೆ. ಸತ್ತು ತೇಲಿದ ಎರಡು ಮೀನಿನ ಮೇಲೆ ಮಾತ್ರ ಒಂದೂ ಹುಳ ಇರಲಿಲ್ಲ. ಬೆಳೆಗೆ ಹೊಡೆಯುವ ಸೈಪರ್‌ಮೆಥ್ರಿನ್ 100 ಮಿ.ಲೀ. ಸುರಿ ಅಂತ ಪಕ್ಕದ ಹೊಲದವರು ಹೇಳುತ್ತಿದ್ದಾರೆ. ಹಾಕಬಹುದಾ?

ಉತ್ತರ 1 – ಕಿವಿರುಕಣ್ಣು

ಸುರಿಯಬೇಡಿ. ಮೊದಲು ಲೆಕ್ಕ ನೋಡಿ.

ಹೊಂಡದ ಬದಿ ಇಳಿಜಾರಾಗಿರುತ್ತದೆ. 1:1 ಇಳಿಜಾರು ಅಂದರೆ ತಳ 15×15, 2 ಮೀಟರ್ ಎತ್ತರದಲ್ಲಿ ನೀರಿನ ಮೇಲ್ಮೈ 19×19. ಮೇಲಿನ ವಿಸ್ತೀರ್ಣ 361, ತಳದ್ದು 225, ಇವೆರಡರ ಗುಣಲಬ್ಧದ ವರ್ಗಮೂಲ 285. ಮೂರನ್ನೂ ಕೂಡಿಸಿ ಆಳದಿಂದ ಗುಣಿಸಿ 3ರಿಂದ ಭಾಗಿಸಿದರೆ ಸುಮಾರು 580 ಘನ ಮೀಟರ್. ಬಹಳ ಜನ 21×21×3 ಅಂತ ಗುಣಿಸಿ 1,323 ಹಿಡಿಯುತ್ತಾರೆ. ಆಗ ಯಾವ ಔಷಧಿಯಾದರೂ ಎರಡೂಕಾಲು ಪಟ್ಟು ಬೀಳುತ್ತದೆ. ಹೊಂಡದಲ್ಲಿ ಔಷಧಿ ಹಾಕಿದ ರಾತ್ರಿಯೇ ಮೀನು ಸಾಯುವುದಕ್ಕೆ ಈ ಒಂದು ತಪ್ಪೇ ಸಾಕು.

ಈಗ ಸೈಪರ್‌ಮೆಥ್ರಿನ್. 25% ಇರುವ ಬಾಟಲಿಯ 100 ಮಿ.ಲೀ.ನಲ್ಲಿ 25 ಗ್ರಾಂ ವಿಷ ಇರುತ್ತದೆ. 580 ಘನ ಮೀಟರಿಗೆ ಹಂಚಿದರೆ ಲೀಟರಿಗೆ 43 ಮೈಕ್ರೊಗ್ರಾಂ. ಗೆಂಡೆ ಜಾತಿ ಮೀನು ಸಾಯಲು ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಸಾಕು. ಹೇನು ಸಾಯುವುದು ನಿಜ, ಆದರೆ ಮೀನೂ ಸಾಯುತ್ತದೆ, ನೀರಿನ ಸಣ್ಣ ಪ್ರಾಣಿಗಳೂ ಹೋಗುತ್ತವೆ. ಕಾಟ್ಲಾಕ್ಕೆ ಆಹಾರವೇ ಅವು.

ನಿಮ್ಮ ಹೊಂಡದಲ್ಲಿರುವುದು ಆರ್ಗ್ಯುಲಸ್, ಅಂದರೆ ಮೀನಿನ ಹೇನು. ಖಾತ್ರಿ ಮಾಡಿಕೊಳ್ಳಲು ಬಿಳಿ ತಟ್ಟೆಯಲ್ಲಿ ಹೊಂಡದ ನೀರು ಹಾಕಿ ಒಂದನ್ನು ಬಿಡಿ. ಗಾಜಿನ ಚೂರಿನ ಹಾಗೆ ಪಾರದರ್ಶಕ ಮೈ, ಮುಂದೆ ಎರಡು ಕಪ್ಪು ಚುಕ್ಕೆ ಕಣ್ಣು, ಮಗುಚಿ ನೋಡಿದರೆ ಅಡಿಯಲ್ಲಿ ಎರಡು ದುಂಡು ಹೀರುಬಟ್ಟಲು. ಕಾಲು ಪಟಪಟ ಬಡಿಯುತ್ತಾ ತಟ್ಟೆ ತುಂಬ ಸುತ್ತುತ್ತದೆ. ಸತ್ತ ಮೀನಿನ ಮೇಲೆ ಹೇನು ಕಾಣದಿರಲು ಕಾರಣವೂ ಅದೇ: ಮೀನು ಸತ್ತ ಮೇಲೆ ಅದು ಬಿಟ್ಟು ಈಜಿ ಬೇರೆ ಮೀನು ಹುಡುಕುತ್ತದೆ. ಹಾಗಾಗಿ ಬೀಸುಬಲೆಯಲ್ಲಿ 20 ಜೀವಂತ ರೋಹು ಹಿಡಿದು ತಕ್ಷಣ ಒಂದೊಂದರ ಮೇಲಿನ ಹೇನು ಎಣಿಸಿ ಬರೆದಿಡಿ. ಮುಂದೆ ಮಾಡುವ ಚಿಕಿತ್ಸೆ ಫಲಿಸಿತೋ ಇಲ್ಲವೋ ಅಂತ ಹೇಳುವುದು ಆ ಸಂಖ್ಯೆ ಮಾತ್ರ.

ಉತ್ತರ 2 – ಕೆರೆಯಂಗಳ

ಮೇಲಿನವರು ಹೇಳಿದ್ದಕ್ಕೆ ಇನ್ನೊಂದು ಮಾತು: ಮೀನಿನ ಮೇಲಿನ ಹೇನನ್ನಷ್ಟೇ ನೋಡಿದರೆ ಈ ರೋಗ ಎಂದೂ ಮುಗಿಯುವುದಿಲ್ಲ. ಹೆಣ್ಣು ಹೇನು ಮೊಟ್ಟೆ ಇಡಲು ಮೀನನ್ನು ಬಿಟ್ಟು ಗಟ್ಟಿ ಜಾಗ ಹುಡುಕುತ್ತದೆ. ಕಲ್ಲು, ಗಳ, ಪೈಪು, ನಿಮ್ಮಲ್ಲಾದರೆ ತಾಡಪಾಲು. ಅಲ್ಲಿ ಸಾಲುಸಾಲಾಗಿ ಅಂಟಿಸಿ ಹೋಗುತ್ತದೆ. ಮೊಟ್ಟೆಗೆ ಯಾವ ಔಷಧಿಯೂ ಸರಿಯಾಗಿ ನಾಟುವುದಿಲ್ಲ. 25 ಡಿಗ್ರಿ ಆಸುಪಾಸಿನ ನೀರಿನಲ್ಲಿ ಎರಡು–ಮೂರು ವಾರಕ್ಕೆ ಮರಿ ಹೊರಬರುತ್ತದೆ. "ಔಷಧಿ ಹಾಕಿದೆ, ಕಡಿಮೆಯಾಯಿತು, ಮತ್ತೆ ಬಂತು" ಅಂತ ಎಲ್ಲರೂ ಹೇಳುವುದು ಇದಕ್ಕೇ.

ಮೊಟ್ಟೆ ಒಣಗಿದರೆ ಸಾಯುತ್ತದೆ. ಇದನ್ನೇ ಹಿಡಿದುಕೊಳ್ಳಿ. ಆರೆಂಟು ಹಳೆಯ ಮಂಗಳೂರು ಹಂಚಿಗೆ ಹಗ್ಗ ಕಟ್ಟಿ ಅರ್ಧದಿಂದ ಒಂದು ಮೀಟರ್ ಆಳಕ್ಕೆ ಇಳಿಬಿಡಿ. ಅಂಚು ಚೂಪಿದ್ದರೆ ತಾಡಪಾಲು ಹರಿಯುತ್ತದೆ, ಮೊದಲು ಉಜ್ಜಿಕೊಳ್ಳಿ. ವಾರಕ್ಕೊಮ್ಮೆ ಎತ್ತಿ ಎರಡು ದಿನ ಬಿಸಿಲಿಗಿಟ್ಟು ಮತ್ತೆ ಇಳಿಸಿ. ವಾರ ತಪ್ಪಿಸಿದರೆ ನೀವೇ ಹೇನು ಸಾಕಿದ ಹಾಗೆ, ಮೊಟ್ಟೆ ಅಲ್ಲೇ ಒಡೆಯುತ್ತದೆ. ಇದರ ಜೊತೆಗೆ ಬೆಳೆಗೆ ನೀರು ಬೇಕಾದಾಗ ಒಂದಡಿ ಹರಿಸಿ, ತೆರೆದ ತಾಡಪಾಲಿನ ಪಟ್ಟಿ ಎರಡು ದಿನ ಬಿಸಿಲಿಗೆ ಒಣಗಲಿ. ಅಂಟಿದ್ದು ಕಂಡರೆ ಮೆತ್ತನೆ ಪೊರಕೆಯಲ್ಲಿ ಉಜ್ಜಿ ಹೊರಗೆ ತೆಗೆಯಿರಿ, ನೀರಿಗೆ ಬೀಳಿಸಬೇಡಿ.

ಆದರೆ ನೀರು ಇಳಿಸುವ ಮುಂಚೆ ಮೀನು ಕಡಿಮೆ ಮಾಡಬೇಕು. ಹೆಕ್ಟೇರಿಗೆ 5,000ದಿಂದ 10,000 ಮರಿ ಅಂತ ಲೆಕ್ಕ. ನಿಮ್ಮ ಹೊಂಡ ತುಂಬಿದಾಗಲೂ 441 ಚದರ ಮೀಟರ್, ಅಂದರೆ 220ರಿಂದ 440 ಮರಿ. ನೀವು ಬಿಟ್ಟಿದ್ದು 1,500. ಮರಿಹೇನು ಕೆಲವೇ ದಿನದಲ್ಲಿ ಮೀನು ಹಿಡಿಯದಿದ್ದರೆ ಸಾಯುತ್ತದೆ. ಇಷ್ಟು ದಟ್ಟಣೆ ಇದ್ದರೆ ಅದಕ್ಕೆ ಹುಡುಕುವ ಕೆಲಸವೇ ಇಲ್ಲ.

ಉತ್ತರ 3 – ಕಿವಿರುಕಣ್ಣು

ಔಷಧಿ ಬೇಡವೇ ಬೇಡ ಅಂತಲ್ಲ. ತಿಂಡಿಯಲ್ಲಿ ಕೊಡುವ ಎಮಾಮೆಕ್ಟಿನ್ ಬೆಂಜೊಯೇಟ್ ಇದೆ. ಸಾಲ್ಮನ್ ಮೀನಿನ ಹೇನಿಗೆ ಬಳಕೆಯಲ್ಲಿರುವ ಪ್ರಮಾಣ ಮೀನಿನ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 50 ಮೈಕ್ರೊಗ್ರಾಂ, ಏಳು ದಿನ. ಗೋಲ್ಡ್ ಫಿಶ್ ಮೇಲಿನ ಆರ್ಗ್ಯುಲಸ್‌ಗೂ ಇದೇ ಪ್ರಮಾಣ ಫಲ ಕೊಟ್ಟಿದೆ. ಹೊಂಡದಲ್ಲಿ 100 ಕೆ.ಜಿ. ಮೀನಿದೆ ಅಂತಿಟ್ಟುಕೊಂಡರೆ ದಿನಕ್ಕೆ 5 ಮಿಲಿಗ್ರಾಂ, 0.2% ಪುಡಿಯಾದರೆ 2.5 ಗ್ರಾಂ. ಅದನ್ನು ಆ ದಿನದ ತಿಂಡಿಗೆ ಒಣಗಿದ್ದಾಗಲೇ ಬೆರೆಸಿ, ಮೇಲೆ ಸ್ವಲ್ಪ ಅಡುಗೆ ಎಣ್ಣೆ ಲೇಪಿಸಿ, ನೆರಳಲ್ಲಿ ಅರ್ಧ ಗಂಟೆ ಆರಿಸಿ ಹಾಕಬೇಕು. ಎಣ್ಣೆ ಇಲ್ಲದಿದ್ದರೆ ಪುಡಿ ನೀರಿಗೆ ತೊಳೆದು ಹೋಗುತ್ತದೆ. ಹುಳಕ್ಕೆ ಹೊಡೆಯುವ 5%ರ ಪ್ಯಾಕೆಟ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ತಂದು ಬೆರೆಸಬೇಡಿ: ಅದು 25 ಪಟ್ಟು ಗಾಢ. ನಮ್ಮ ಮೀನು ತಿನ್ನುವ ಮೀನು, ಹಾಗಾಗಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಎಷ್ಟು ದಿನ ಮೀನು ಮಾರಬಾರದು ಅಂತಲೂ ಅವರಿಂದಲೇ ಬರೆಸಿಕೊಳ್ಳಿ. ತಿಂಡಿ ಪೂರಾ ಬಿಟ್ಟ ಮೇಲೆ ಈ ದಾರಿಯೂ ಮುಚ್ಚುತ್ತದೆ, ತಡ ಮಾಡಬೇಡಿ.

ಹೊಂಡದಮೀನು_ಹಾವೇರಿ

ತುಂಬಾ ಉಪಕಾರ ಸರ್. ಪರ್ಮಾಂಗನೇಟ್ ಹಾಕಿದರೆ ಹೇನು ಸಾಯುತ್ತದಾ? ಎರಡು ಕಾಟ್ಲಾ ಮೇಲೆ ಹುಣ್ಣೂ ಕಾಣಿಸಿದೆ. ಇವನ್ನು ತಿನ್ನಬಹುದಾ?

ಉತ್ತರ 4 – ಕೆರೆಯಂಗಳ

ಹೊಂಡಕ್ಕೆ ಹಾಕುವ 2 ಪಿಪಿಎಂ (ಘನ ಮೀಟರ್ ನೀರಿಗೆ 2 ಗ್ರಾಂ) ಪರ್ಮಾಂಗನೇಟ್‌ಗೆ ಹೇನು ಸಾಯುತ್ತದೆ ಅಂತ ನಂಬಬೇಡಿ. ಹೇನು ಚುಚ್ಚಿದ ಗಾಯದಲ್ಲಿ ಸೇರುವ ಬ್ಯಾಕ್ಟೀರಿಯಾ ಕಡಿಮೆ ಮಾಡಲು ಅದು ಬೇಕು. ನಿಮಗೆ 580 × 2, ಅಂದರೆ 1,160 ಗ್ರಾಂ. ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ, ಬಿಸಿಲಿರುವ ಬೆಳಗ್ಗೆ ಹೊಂಡದ ತುಂಬ ಚೆಲ್ಲಿ. ನೀರಿನ ಗುಲಾಬಿ ಬಣ್ಣ ಗಂಟೆಯೊಳಗೇ ಕಂದಾದರೆ ತಳದಲ್ಲಿ ಕೊಳಕು ಜಾಸ್ತಿ, ಔಷಧಿ ಅದರಲ್ಲೇ ಖರ್ಚಾಯಿತು ಅಂತ ಅರ್ಥ. ಹಾಗಂತ ಅದೇ ದಿನ ಮತ್ತೆ ಸುರಿಯಬಾರದು. ಪಾಚಿ ಸತ್ತು ಆಮ್ಲಜನಕ ಇಳಿಯುವುದುಂಟು, ಆ ರಾತ್ರಿ ಪಂಪಿನಿಂದ ನೀರನ್ನು ಮೇಲಿಂದ ಬೀಳಿಸುತ್ತಿರಿ.

ಹುಣ್ಣಿನ ಬಗ್ಗೆ ಎಚ್ಚರ. ಹೇನಿನ ಗಾಯ ಚುಕ್ಕೆಯಷ್ಟಿರುತ್ತದೆ, ಹುರುಪೆ ಸಡಿಲವಾಗಿರುತ್ತದೆ. ಹುಣ್ಣು ಆಳವಾಗಿ ಮಾಂಸ ಕೊರೆದು ಬೂದು ಹತ್ತಿಯ ಹಾಗೆ ಕಂಡರೆ ಅದು ಅಫನೋಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಹುಣ್ಣು ರೋಗವಿರಬಹುದು. ಮಳೆ ನಿಂತು ನೀರು ತಣ್ಣಗಾಗುವ ಈ ತಿಂಗಳುಗಳೇ ಅದರ ಕಾಲ. 1988ರಲ್ಲಿ ಈಶಾನ್ಯ ರಾಜ್ಯಗಳಿಗೆ ಕಾಲಿಟ್ಟು ಅಲ್ಲಿಂದ ದೇಶಕ್ಕೆ ಹರಡಿದ ರೋಗ ಇದು. ಇದಕ್ಕೆ ಹೆಕ್ಟೇರಿಗೆ 200 ಕೆ.ಜಿ. ಲೆಕ್ಕದಲ್ಲಿ ನಿಮ್ಮ 361 ಚದರ ಮೀಟರ್ ನೀರಿನ ಮೇಲ್ಮೈಗೆ ಸುಮಾರು 7 ಕೆ.ಜಿ. ಸುಣ್ಣ. ಪಿಎಚ್ 8.5 ದಾಟಿದ್ದರೆ ಹಾಕಬೇಡಿ, ಪರ್ಮಾಂಗನೇಟ್ ಹಾಕಿದ ದಿನವೂ ಬೇಡ. ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ಇದಕ್ಕೆಂದೇ ರೂಪಿಸಿದ ಸಿಫಾಕ್ಸ್ ಔಷಧಿ ಹೆಕ್ಟೇರ್-ಮೀಟರಿಗೆ (10,000 ಘನ ಮೀಟರ್ ನೀರಿಗೆ) 1 ಲೀಟರ್; ನಿಮ್ಮ ನೀರಿಗೆ 58 ಮಿ.ಲೀ. ಅಳತೆ ಸಿರಿಂಜಿನಲ್ಲಿ ತೆಗೆದು ಬಕೆಟ್ ನೀರಿಗೆ ಬೆರೆಸಿ ಚೆಲ್ಲಿ.

ಹೇನು ಮನುಷ್ಯರಿಗೆ ಹತ್ತುವುದಿಲ್ಲ. ತೊಳೆದು ಬೇಯಿಸಿ ತಿನ್ನಬಹುದು. ಹುಣ್ಣಾದ ಮೀನನ್ನು ಮಾತ್ರ ತಿನ್ನದೆ, ಬೇರೆ ಕೆರೆಗೂ ಎಸೆಯದೆ, ಸುಣ್ಣ ಹಾಕಿ ಹೂತುಬಿಡಿ. ಔಷಧಿ ತಿಂಡಿ ಶುರು ಮಾಡುವ ಮುಂಚೆಯೇ ಮೈ ಸ್ವಚ್ಛ ಇರುವ ಮೀನು ಹಿಡಿದು ಮಾರಿ, 400ಕ್ಕೆ ಇಳಿಸಿ. ಬಲೆಯನ್ನು ಬೇರೆಯವರಿಗೆ ಕೊಡುವ ಮುಂಚೆ ಮೂರು ದಿನ ಬಿಸಿಲಿಗೆ ಹರವಿ, ಇಲ್ಲವಾದರೆ ಅವರ ಹೊಂಡಕ್ಕೂ ಇದೇ ಹೇನು ಹೋಗುತ್ತದೆ. ಮೂರು ವಾರ ಬಿಟ್ಟು ಮತ್ತೆ 20 ರೋಹು ಹಿಡಿದು ಎಣಿಸಿ, ಸಂಖ್ಯೆ ಇಲ್ಲಿ ಹಾಕಿ, ನೋಡೋಣ.