ಅವ್ವನ ಇಳಕಲ್ ಸೀರಿ ಹರದು ಕೌದಿ ಹೊಲೀಬೇಕಂದೀನಿ, ಕೈ ಏಳವಲ್ದು

ಸೆರಗಿನಾಕಿ (ಡೊಂಬಿವಲಿ ಪೂರ್ವ)

ಎಲ್ಲಾರಿಗೂ ನಮಸ್ಕಾರ. ನಾ ಹುನಗುಂದದ ಕಡಿಯಾಕಿ. ಮದುವಿ ಆಗಿ ಡೊಂಬಿವಲಿಗೆ ಬಂದು 33 ವರ್ಷ ಆತು. ಮಗಳದು ಚೊಚ್ಚಲ ಹೆರಿಗಿ, ಜುಲೈ ಕೊನೀ ವಾರ ಅಂತ ಡಾಕ್ಟರು ಹೇಳ್ಯಾರ. ಹೆರಿಗಿ ಬಾಣಂತನ ನಮ್ಮನ್ಯಾಗ, ತೊಟ್ಟಿಲಕ್ಕ ಹಾಕೂದೂ ನಮ್ಮನ್ಯಾಗ. ಬೀಗರು ಪುಣೆದವರು, ಮರಾಠಿ ಮಂದಿ.

ನಮ್ಮವ್ವ ಹೋಗಿ ಎರಡು ವರ್ಷ ಆತು. ಆಕಿ ಟ್ರಂಕಿನಾಗಿಂದ ನನ್ನ ಪಾಲಿಗೆ ಬಂದದ್ದು ಐದು ಇಳಕಲ್ ಸೀರಿ, ಎಲ್ಲಾ ಒಂಬತ್ತು ಗಜದ್ದು. ಅದರಾಗ ಒಂದು ಗಿಳಿಹಸರಿಂದು, ಚಿಕ್ಕಿ ದಡಿ, ಟೋಪ್ ತೆನಿ ಸೆರಗು. ಉಟ್ಟುಟ್ಟು ಮೊಲದ ಕಿವಿ ಆಗೇತಿ. ನಾ ಸಣ್ಣಾಕಿ ಇದ್ದಾಗ ಅವ್ವ ಅದನ್ನ ಉಟ್ಟು ರೊಟ್ಟಿ ಬಡಿಯೂದು ನನಗ ನೆನಪೈತಿ. ಕೂಸಿಗೆ ಅದರದ ಒಂದು ಕೌದಿ ಮಾಡಬೇಕಂತ ಮನಸು. ಹೋದ ಆಯ್ತವಾರ ಸೋಫಾ ಸರಿಸಿ ಹಾಲಿನಾಗ ಸೀರಿ ಹಾಸಿದೆ. ಕತ್ತರಿ ಬಾಯಿ ತೆರದು ಕುಂತೆ, ಮುಚ್ಚಿ ಎದ್ದೆ. ಇದು ಮೂರನೇ ಸಲ. ನಮ್ಮ ಯಜಮಾನರು "ಬಿಡ ಮಾರಾಯ್ತಿ, ಹಿಂದ್‌ಮಾತಾದಾಗ ಅರಿವಿ ತರೂಣು" ಅಂದ್ರು. ಹಿಂದ್‌ಮಾತಾದಾಗ ಬೇಕಾದ ಅರಿವಿ ಸಿಗತೈತಿ, ಅವ್ವ ಸಿಗಂಗಿಲ್ಲ.

ಇನ್ನ ಎರಡು ಸಂಕಟ ಅದಾವು. ಬಾಜೂಮನಿ ಕಾಕು ಮಾಲವಣದವರು, "ಹುಟ್ಟೂಕಿಂತ ಮೊದಲ ಕೂಸಿನ ಅರಿವಿ ಹೊಲೀಬಾರದು" ಅಂತ ದಿನಾ ಹೇಳತಾರ. ಹುಟ್ಟಿದ ಮ್ಯಾಲ ಬಾಣಂತಿ ನೀರು, ಕೂಸಿನ ನೀರು, ಅಡಿಗಿ, ಬಂದವರು ಹೋದವರು. ಅವಾಗ ಸೂಜಿ ಹಿಡಿಲಿಕ್ಕೆ ಆಗತೈತೇನು? ಇನ್ನೊಂದು, ಗುಳೇದಗುಡ್ಡದ ಖಣ (ರವಿಕಿ ಅರಿವಿ) ಒಂದು ಕುಂಚಗಿಗೆ, ಅಂದ್ರ ಕೂಸಿನ ತಲಿ ಬೆನ್ನು ಮುಚ್ಚೂ ಟೊಪಗಿಗೆ ಅಂತ ಇಟ್ಟೀನಿ. ಬೀಗರ ಮನ್ಯಾಗ ಕುಂಚಿ ತರಾಕಿ ಕೂಸಿನ ಆತ್ಯಾ ಅಂತ. ಅಂದ್ರ ನನ್ನ ಮಗಳ ನಾದಿನಿ. ನಾ ಹೊಲದರ ಆಕಿ ಮಾರಿ ಸಣ್ಣದಾಗತೈತೇನೋ ಅಂತ ಅಂಜಿಕಿ.

ಹೊಲಿಗಿ ಮಷಿನ್ ಐತಿ, ಉಷಾ, ಕಾಲಿಲೆ ತುಳಿಯೂದು. ಕೌದಿ ಮಾತ್ರ ಕೈಹೊಲಿಗೀನ ಆಗಬೇಕು. ತಿಳದವರು ಹೇಳ್ರಿ.

ಗದಗ ಮಾಸ್ತರ (ಪುಣೆ, ಕಸಬಾ ಪೇಠ)

ಅಕ್ಕಾರ, ಕತ್ತರಿ ಮೂಲ್ಯಾಗ ಇಡ್ರಿ. ನಾ ನಲವತ್ತು ವರ್ಷ ಕತ್ತರಿ ಹಿಡದಾಂವ ಹೇಳಾಕತ್ತೀನಿ.

ಮೊದಲ ಲೆಕ್ಕ ಕೇಳ್ರಿ. ನಿಮ್ಮವ್ವನ ಸೀರಿ ಒಂಬತ್ತು ಗಜ. ಇವತ್ತಿನ ಹುಡುಗ್ಯಾರು ಉಡೂ ಸೀರಿ ಆರು ಗಜ, ಹೆಚ್ಚು ಕಡಿಮಿ ಐದೂವರಿ ಮೀಟರು. ನೀವು ಒಳತುದಿ, ಅಂದ್ರ ಸೆರಗಿನ ಎದುರಿನ ತುದಿ, ಅಲ್ಲಿಂದ ಮೂರು ಗಜ ಅಷ್ಟ ತಗೋರಿ. ಉಳದ ಆರು ಗಜ ಸೆರಗು ಸಮೇತ ನಿಮ್ಮ ಮಗಳು ಉಡತಾಳ. ಸೀರಿ ಸಾಯಂಗಿಲ್ಲ, ಗಿಡ್ಡ ಆಗತೈತಿ ಅಷ್ಟ. ಮೂರು ಗಜಕ್ಕ ಒಂದೊಂದು ಗಜದ ಮೂರು ಪದರ. ಉದ್ದ 36 ಇಂಚು, ಅಗಲ ಸೀರಿ ಪನ್ನಾ ಎಷ್ಟೈತೋ ಅಷ್ಟು. ಕೂಸಿಗೆ ಇದಕ್ಕಿಂತ ದೊಡ್ಡದು ಯಾಕ ಬೇಕು?

ಈಗ ಹರಿಯೂದು. ದಡಿ ಮ್ಯಾಲ ಮಾತ್ರ ಕತ್ತರಿಲೆ ಹಾಯ್ಸ್ರಿ, ಯಾಕಂದ್ರ ದಡಿ ನೂಲು ಬ್ಯಾರೆ, ಬಿಗಿ ಇರತೈತಿ. ಆಮ್ಯಾಲ ಎರಡೂ ಕೈಲೆ ಹಿಡದು ಜಗ್ಗಿದ್ರ ಹತ್ತಿ ಒಡಲು ತಾನ ನೂಲಿನ ಗುಂಟ ನೆಟ್ಟಗ ಹರಕೊಂಡು ಹೋಗತೈತಿ. ಗೆರಿ ಕೊರಿಯೂದು ಬ್ಯಾಡ, ಸ್ಕೇಲು ಬ್ಯಾಡ. ಕತ್ತರಿಲೆ ಕತ್ತರಿಸಿದ್ರ ಓರೆ ಆಗೇ ಆಗತೈತಿ, ಒಂದು ಒಗತಕ್ಕ ಮೂಲಿ ಜಗ್ಗತೈತಿ. ಸೆರಗಿನ ತಂಟೆಕ್ಕ ಮಾತ್ರ ಹೋಗಬ್ಯಾಡ್ರಿ. ಇಳಕಲ್ ಸೀರ್‍ಯಾಗ ಒಡಲಿನ ಹಾಸು (ಉದ್ದಕ್ಕ ಹೋಗೂ ನೂಲು) ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಂದರ ಎಳಿ ಇನ್ನೊಂದರ ಎಳ್ಯಾಗ ಕೊಂಡಿ ಹಾಕಿ ನೇಯ್ದಿರತಾರ. ಹಳೇ ಸೀರಿ ಸೋಲೂದು ಆ ಕೊಂಡಿ ಹತ್ರನ. ಅಲ್ಲಿ ಜಗ್ಗಿದ್ರ ದೇವರ ಗತಿ.

ಪದರ ಹಾಸಿ, ನಡುವಿನಿಂದ ಹೊರಗ ಕಚ್ಚಾ ಹೊಲಿಗಿ ಹಾಕ್ಕೋತ ಬರ್‍ರಿ, ಸುಕ್ಕು ಅಂಚಿಗೆ ಓಡತೈತಿ. ಆಮ್ಯಾಲ ಬೆರಳಗಲಕ್ಕ ಒಂದು ಸಾಲು. ಕೂಸಿನ ಕೌದಿಗೆ ದಬ್ಬಣ ಬ್ಯಾಡ, ಉದ್ದನ್ನ ಸಾದಾ ಸೂಜಿ ಸಾಕು. ಬೆರಳಿಗೆ ಅಂಗುಸ್ತಾನ ಹಾಕ್ಕೋರಿ, ಈ ವಯಸ್ಸಿನಾಗ ಬೆರಳು ತೂತು ಮಾಡಿಕೊಂಡು ಬಾಣಂತನ ಮಾಡಾಕ ಆಗಂಗಿಲ್ಲ. ಹಾಲಿನಾಗ ಸೋಫಾ ಸರಿಸೂದೂ ಬ್ಯಾಡ, ಊಟದ ಟೇಬಲ್ ಮ್ಯಾಲ ಕೂಡತೈತಿ.

ಬಣ್ಣ ಬಿಡತೈತೋ ಇಲ್ಲೋ ಮೊದಲ ನೋಡ್ರಿ. ಬಿಳೇ ಕರವಸ್ತ್ರ ಒದ್ದಿ ಮಾಡಿ ದಡಿ ಮ್ಯಾಲ ತಿಕ್ಕಿದ್ರ ಗೊತ್ತಾಗತೈತಿ. ಉಪ್ಪಿನ ನೀರಾಗ ನೆನಸಿದ್ರ ಬಣ್ಣ ನಿಲ್ಲತೈತಿ ಅಂತ ಹೇಳಾವ್ರು ಬಾಳ ಮಂದಿ. ಬಣ್ಣ ಹಾಕೂ ಮುಂದ ಉಪ್ಪಿಗೆ ಕೆಲಸ ಐತಿ, ಹಾಕಿ ಮುಗದ ಅರಿವಿಗೆ ಉಪ್ಪು ಏನೂ ಮಾಡಂಗಿಲ್ಲ. ನೀರು ತಿಳಿ ಆಗೂತನಕ ಒಗೀರಿ, ಅದ ಔಷಧ.

ವಾರ್ಡ್ ನಂ. 4 (ಮುಲುಂಡ್)

ಅಕ್ಕ, ನಾನು ಉಡುಪಿ ಕಡೆಯವಳು, ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಈಗ ನಿವೃತ್ತಿ. ಹೊಲಿಗೆ ನನಗೆ ಬಟನ್ ಹಾಕುವಷ್ಟೇ ಗೊತ್ತು. ಆದರೆ "ಟ್ರಂಕು" ಅಂದಿರಲ್ಲ, ಅಲ್ಲಿ ನಿಂತುಬಿಟ್ಟೆ. ಆ ಟ್ರಂಕಿನಲ್ಲಿ ಡಾಂಬರು ಗುಳಿಗೆ ಇತ್ತಾ?

ಇದ್ದರೆ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಬಿಳಿ ಗುಳಿಗೆ ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಅನ್ನುವ ಕಿಣ್ವದ ಕೊರತೆ ಇರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಅಂಥ ಮಗುವಿಗೆ ಆ ಗುಳಿಗೆ ಹಾಕಿಟ್ಟ ಬಟ್ಟೆ ಸುತ್ತಿದರೆ, ಆ ಆವಿಯಿಂದಲೇ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಏರುತ್ತದೆ. ಹುಟ್ಟಿದ ಹೊಸದರಲ್ಲಿ ಮಗುವಿನ ಯಕೃತ್ತಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಒಗೆದ ಮಾತ್ರಕ್ಕೆ ವಾಸನೆ ಹೋಯಿತು ಅಂದುಕೊಳ್ಳಬೇಡಿ. ಮಳೆ ಹಿಡಿಯುವ ಮೊದಲು ದಿನಗಟ್ಟಲೆ ಗಾಳಿ ಬಿಸಿಲಿಗೆ ಹಾಕಿ, ಒಗೆಯಿರಿ, ಮತ್ತೆ ಹಾಕಿ. ಮೂಗಿಗೆ ಎಳ್ಳಷ್ಟೂ ವಾಸನೆ ಬರಬಾರದು. ಹುಟ್ಟಿದ ಮೇಲೆ ಜಿ-6-ಪಿಡಿ ಪರೀಕ್ಷೆ ಮಾಡಿಸುವ ಬಗ್ಗೆ ಮಕ್ಕಳ ಡಾಕ್ಟರ ಹತ್ತಿರ ಕೇಳಿ.

ಇನ್ನೊಂದು ಮಾತು, ಬೈದುಕೊಳ್ಳಬೇಡಿ. ಒಂದು ವರ್ಷ ತುಂಬುವವರೆಗೆ ಮಗು ಮಲಗಿದಾಗ ಕೌದಿ ಹೊದಿಸುವುದು ಬೇಡ. ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹಗಲು ಎಚ್ಚರ ಇದ್ದಾಗ ನೆಲಕ್ಕೆ ಹಾಸಿ ಆಡಿಸಿ. ಕುಂಚಿಗೆಯೂ ಅಷ್ಟೇ: ಫೋಟೋ ಆದ ಮೇಲೆ ಬಿಚ್ಚಿ, ಗಲ್ಲದ ಕೆಳಗೆ ಲಾಡಿ ಕಟ್ಟಿ ಮಲಗಿಸಬೇಡಿ. ಮಣಿ, ಗೆಜ್ಜೆ ಬೇಡ. ಜರಿ ಇದ್ದರೆ ಒಳಗೆ ಮಲ್ಮಲ್ ಅಸ್ತರ ಕೊಡಿ, ಎಳೆ ಚರ್ಮ ಗೀರಿಬಿಡುತ್ತದೆ.

ಸೆರಗಿನಾಕಿ

ಸಿಸ್ಟರ್, ನಿಮ್ಮ ಮಾತು ಓದಿ ಎದ್ದು ಹೋಗಿ ಟ್ರಂಕು ತೆಗದೆ. ಮೂಲ್ಯಾಗ ಹತ್ತು ಹನ್ನೆರಡು ಗುಳಿಗಿ, ಕರಗಿ ಕಡ್ಲಿಕಾಳಿನಷ್ಟಾಗ್ಯಾವು. ಎರಡು ವರ್ಷದಿಂದ ನಾ ಆ ಸೀರಿ ಮೂಸಿ ಮೂಸಿ, ಅವ್ವನ ವಾಸನಿ ಇನ್ನೂ ಐತಿ ಅಂತ ಕಣ್ಣೀರು ಹಾಕೀನಿ. ಅದು ಗುಳಿಗಿ ವಾಸನಿ! ನಗಬೇಕೋ ಅಳಬೇಕೋ ತಿಳೀವಲ್ದು.

ಐದೂ ಸೀರಿ ಗಚ್ಚಿ ಮ್ಯಾಲ ಹಾಕೀನಿ. ಸೊಸೈಟಿ ವಾಚ್‌ಮನ್ "ಕಾಕೂ, ದುಕಾನ ಇಟ್ಟೀರೇನು" ಅಂತ ಕೇಳಿದ.

ಮಾಸ್ತರ, ನಿಮ್ಮ ಆರು ಗಜದ ಲೆಕ್ಕ ಕೇಳಿ ನನ್ನ ಎದಿ ಹಗರಾತು. ಮಗಳಿಗೆ ಹೇಳಿದೆ, "ಹಂಗಾದ್ರ ನಾಮಕರಣಕ್ಕ ನಾ ಅದನ್ನ ಉಡತೀನಿ" ಅಂದ್ಲು. ಒಂದು ಕೇಳೂದು: ಕಚ್ಚಾ ದಾರ ಹಂಗ ಬಿಟ್ಟರ ನಡೀತೈತಿ?

ಗದಗ ಮಾಸ್ತರ

ನಡಿಯಂಗಿಲ್ಲ.

ಯಲ್ಲಾಪುರದವಳು (ಗೋವಾ, ಫೋಂಡಾ)

ಆಂಟಿ, ನಾನು ಓದುತ್ತಾ ಇದ್ದೆ, ಸುಮ್ಮನಿರಲು ಆಗಲಿಲ್ಲ. ನಮ್ಮೂರ ಕಡೆ, ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದವರಲ್ಲಿ ಎಷ್ಟೋ ಜನ ಇಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು, ಅವರ ಮಕ್ಕಳು ಮೊಮ್ಮಕ್ಕಳು ಇವರು. ಇವರದು ಮಾಸ್ತರರು ಹೇಳಿದ್ದಕ್ಕೆ ಉಲ್ಟಾ. ಅಂಚಿನ ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ತುಂಡು ಬಟ್ಟೆ ಇಡುತ್ತಾ ಹೋಗುತ್ತಾರೆ, ಅಳತೆ ಗಿಳತೆ ಇಲ್ಲ. ನಮ್ಮ ಮನೆ ಹತ್ತಿರದ ಅಜ್ಜಿ ಒಬ್ಬರು ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನ ಮಡಿಸಿದ ಚಿಂದಿ ಪದರ ಪದರವಾಗಿ ಕೂರಿಸುತ್ತಿದ್ದರು. ಅದಕ್ಕೆ 'ಫೂಲ' ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಮಾತು.

ಅದಕ್ಕೇ ಹೇಳುತ್ತೇನೆ: ಮೂರು ಮೂಲೆಗೆ ಈಗ ಫೂಲ ಹಾಕಿ, ನಾಲ್ಕನೆಯದನ್ನು ಬಿಡಿ. ಮುಗಿಯದ ಕೌದಿ "ಕೂಸಿನ ಅರಿವಿ" ಆಗುವುದಿಲ್ಲವಲ್ಲ, ನಿಮ್ಮ ಕಾಕುಗೂ ಹೇಳಬಹುದು. ಹುಟ್ಟಿದ ಮೇಲೆ ಕೊನೆ ಮೂಲೆ ಆ ಆತ್ಯಾ ಹಾಕಲಿ. ಇದು ಶಾಸ್ತ್ರ ಅಲ್ಲ, ನನ್ನ ಕಿತಾಪತಿ. ಕುಂಚಗಿ ವಿಷಯ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುವ ಬದಲು ಆಕೆಗೇ ಫೋನ್ ಮಾಡಿ ಕೇಳಿ. ನನ್ನ ಮಗನ ನಾಮಕರಣಕ್ಕೆ ಎರಡೂ ಕಡೆಯವರು ಕೇಳದೆ ತಂದು ಮೂರು ಕುಂಚಿಗೆ ಆಗಿದ್ದವು. ಮಗು ಒಂದನ್ನೂ ತಲೆ ಮೇಲೆ ಇರಗೊಡಲಿಲ್ಲ.

ಸೆರಗಿನಾಕಿ

ಫೋನ್ ಮಾಡಿದೆ. ಆಕಿ ಹಿಂಜವಡಿಯೊಳಗ ಕಂಪ್ಯೂಟರ್ ಕೆಲಸದಾಕಿ. "ಮಾಮಿ, ಮಲಾ ಸುಯೀ ಧರತಾ ಯೇತ್ ನಾಹೀ" ಅಂದ್ಲು. ಸೂಜಿ ಹಿಡಿಲಿಕ್ಕೆ ಬರಂಗಿಲ್ಲಂತ. ಕುಂಚಿ ತುಳಶೀಬಾಗದಾಗ ತರತೀನಿ, ನೀವು ನಿಮ್ಮ ಖಣದ ಕುಲಾವಿ ಹೊಲೀರಿ ಅಂತ ತಾನ ಹಾದಿ ತೋರಿಸಿದ್ಲು. ತಿಂಗಳಗಟ್ಟಲೆ ಅಂಜಿದ್ದು ಎರಡು ನಿಮಿಷದಾಗ ಮುಗೀತು.

ಸೆರಗಿನಾಕಿ (ಮೂರು ತಿಂಗಳ ಮ್ಯಾಲ)

ಹೆಣ್ಣು ಕೂಸು. ತಾಯಿ ಮಗಳು ಆರಾಮ ಅದಾರ. ಸುದ್ದಿ ಹೇಳೂದು ತಡಾ ಆತು, ಬಾಣಂತನ ಅಂದ್ರ ಗೊತ್ತಲ್ಲ.

ಸೀರಿ ಹರಿಯೂ ದಿನ ಯಜಮಾನರು ಒಂದು ಕಡಿ ಹಿಡದ್ರು, ನಾ ಒಂದು ಕಡಿ. ದಡಿ ದಾಟಿದ ಮ್ಯಾಲ ಸರ್‍ರಂತ ಒಂದ ಸದ್ದು, ನೂಲಿನ ಗುಂಟ ನೆಟ್ಟಗ. ಮಾಸ್ತರ, ನೀವು ಹೇಳಿದ್ದು ಖರೆ, ಹರಿಯೂದಕ್ಕ ಕತ್ತರಿಯಷ್ಟು ಕ್ರೂರ ಇಲ್ಲ. ಹೊಲಿಗಿ ಬಾಳಷ್ಟು ಮುಗದದ್ದು ಲೋಕಲ್‌ನಾಗ. ವಾರಕ್ಕ ಮೂರು ದಿನ ಘಾಟಕೋಪರಕ್ಕ ಮಗಳ ಮನಿಗೆ ಹೋಗತಿದ್ದೆ, ಮಧ್ಯಾಹ್ನದ ಗಾಡ್ಯಾಗ ಕುಂದರಲಿಕ್ಕೆ ಜಾಗಾ ಸಿಗತೈತಿ. ಎದುರಿನಾಕಿ ಮೆಂತ್ಯ ಸೊಪ್ಪು ಬಿಡಿಸ್ತಿದ್ಲು, ನಾ ಕೌದಿ ಸಾಲು ಹಾಕತಿದ್ದೆ. ಠಾಣೆದಾಗ ಒಬ್ಬಾಕಿ "ಗೋಧಡೀ ಕಾ?" ಅಂತ ಕೇಳಿ, ಕೈಯಾಗಿಂದ ತಗೊಂಡು ಅರ್ಧ ಸಾಲು ಹೊಲದು ವಾಪಸ್ ಕೊಟ್ಟು ಇಳದು ಹೋದ್ಲು. ಆಕಿ ಸಾಲು ನನಕಿಂತ ಸಣ್ಣದು, ನೆಟ್ಟಗ. ಯಾರ ಮನಿಯಾಕಿನೋ.

ತಪ್ಪೂ ಆತು. ಸೀರಿ ಏಳು ಸಲ ಒಗದಿದ್ದೆ, ಫೂಲಕ್ಕ ಅಂತ ಇಟ್ಟ ಕೆಂಪ ಖಣದ ಚೂರು ಒಗಿಲಿಲ್ಲ. ಮೊದಲನೇ ನೀರಿಗೆ ಅದು ಹಸರಿನ ಮ್ಯಾಲ ಬಣ್ಣ ಬಿಟ್ಟು ಅಂಗೈಯಗಲ ಕಂದು ಕಲಿ ಆತು, ನಟ್ಟ ನಡುವ. ಒಂದು ರಾತ್ರಿ ನಿದ್ದಿ ಬರಲಿಲ್ಲ. ಆಮ್ಯಾಲ ಅದರ ಮ್ಯಾಲ ಐದನೇ ಫೂಲ ಕುಂದರಿಸಿದೆ. ನೋಡಿದವರೆಲ್ಲಾ ಅದನ್ನ ಮೊದಲ ಹೊಗಳತಾರ, ನಾ ಬಾಯಿ ಬಿಡಂಗಿಲ್ಲ.

ನಾಲ್ಕನೇ ಮೂಲಿ ತೊಟ್ಟಿಲದ ದಿನಾ ಆತ್ಯಾ ಹಾಕಿದ್ಲು. ಹೆಸರು ಕಿವ್ಯಾಗ ಹೇಳಿದ ಮ್ಯಾಲ, ರೇಷ್ಮಿ ಸೀರಿ ಉಟಗೊಂಡು, ಎಲ್ಲಾರೂ ಬಫೆ ತಾಟು ಹಿಡಕೊಂಡು ನೋಡಕೋತ ನಿಂತಾಗ. ಹನ್ನೊಂದು ಹೊಲಿಗಿ, ಒಂದೊಂದು ಅರ್ಧ ಇಂಚು. ಬೆರಳಿಗೆ ಎರಡು ಸಲ ಚುಚ್ಚಿಕೊಂಡ್ಲು, ಅಂಗುಸ್ತಾನ ಕೊಟ್ಟರ ಅದನ್ನ ಹೆಬ್ಬೆರಳಿಗೆ ಹಾಕ್ಕೊಂಡಿದ್ಲು. ಬೀಗತಿ ಬಿಚ್ಚಿ ಮತ್ತ ಹಾಕೋಣು ಅಂದ್ರು, ನಾ ಬಿಚ್ಚಗೊಡಲಿಲ್ಲ. ತುಳಶೀಬಾಗದ ಕುಂಚಿಗೆ ಜರಿ ಲೇಸು, ಸಿಸ್ಟರ್, ನೀವು ಹೇಳಿದಂಗ. ಫೋಟೋ ಒಂದ ತಗದು ಬಿಚ್ಚಿಟ್ವಿ. ಕುಲಾವಿ ತಲಿಗೆ ದೊಡ್ಡದಾತು, ಮೂರು ತಿಂಗಳಿಗೆ ಬರಬಹುದು.

ಮಗಳು ಗಿಳಿಹಸರು ಸೀರಿ ಉಟ್ಟಿದ್ಲು. ಆರು ಗಜ ಸಾಲಿಲ್ಲ, ಬಾಣಂತಿ ಮೈ, ನಿರಿಗಿ ನಾಲ್ಕ ಬಂದೂ. ಆದರ ಸೆರಗು ಬಂತು.

ಕೌದಿ ಈಗ ಆಕಿ ಮನ್ಯಾಗ ಘಾಟಕೋಪರದಾಗ ಐತಿ. ಮಷಿನ್ನಿಗೆ ಹಾಕಬ್ಯಾಡ, ಕೈಲೆ ಒಗಿ ಅಂತ ನೂರು ಸಲ ಹೇಳಿ ಕಳಿಸೀನಿ. ನಿನ್ನೆ ವಿಡಿಯೋ ಕಾಲ್ ಮಾಡಿದಾಗ ಆಕಿ ಹಿಂದ ಮಷಿನ್ನಿನ ಗಾಜಿನ ಬಾಗಿಲದಾಗ ಹಸರು ತಿರಗತಿತ್ತು.